ಫಿಜಿಯ ಕ್ಷಿಪ್ರಕ್ರಾಂತಿ: ನಾವು ಕೇಳದೆ ಬಿಟ್ಟ ಪ್ರಶ್ನೆಗಳು

ಆಕ್ಲೆಂಡಿನ ಕನ್ನಡಿಗರಲ್ಲಿ ಪೆಸಿಫಿಕ್ ಸಾಗರದ ದ್ವೀಪದೇಶ ಫಿಜಿಯ ಮಾತು ಬಂದರೆ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ: ಭಾರತೀಯರಿಗೆ ಅಧಿಕಾರ ಸಿಕ್ಕಿದ್ದನ್ನು ಸಹಿಸದೆ ಅಲ್ಲಿನ ಮೂಲನಿವಾಸಿಗಳು ಬಂದೂಕು ಹಿಡಿದರು. ಬೆಂಗಳೂರಿನವರನ್ನು ಕೇಳಿದರೂ ಇದೇ ಉತ್ತರ. ಆಕ್ಲೆಂಡಿನಲ್ಲಿ ನೆಲೆಸಿರುವ ಫಿಜಿ ಭಾರತೀಯರ ಮಾತಿನ ರೀತಿಯೇ ಬೇರೆ. ಹೊಲದ ಗುತ್ತಿಗೆ ಯಾವ ವರ್ಷ ಮುಗಿಯಿತು, ಕಬ್ಬು ಲೌತೋಕ ಮಿಲ್ಲಿಗೆ ಹೋಗುತ್ತಿತ್ತೋ ಲಂಬಾಸ ಮಿಲ್ಲಿಗೋ, ಜಮೀನು ಯಾವ ಕುಲದ್ದು ಎಂಬಲ್ಲಿಂದ ಅವರು ಶುರು ಮಾಡುತ್ತಾರೆ. ನನಗೆ ಅವರ ದಾರಿಯೇ ಸರಿ ಅನಿಸುತ್ತದೆ. ಕುರ್ಚಿ ಕಳೆದುಕೊಂಡವರು ಯಾರು, ಬಂದೂಕು ಯಾರ ಕೈಯಲ್ಲಿತ್ತು, ಕಾನೂನು ಏನು ಹೇಳುತ್ತಿತ್ತು, ಆಮೇಲೆ ಲಾಭ ಯಾರಿಗಾಯಿತು ಎಂದು ನೋಡುವ ತನಕ, ಹುಟ್ಟಿನ ಲೆಕ್ಕದಲ್ಲಿ ವಿವರಿಸಿದ ಯಾವ ಕ್ಷಿಪ್ರಕ್ರಾಂತಿಯ ಕಥೆಯನ್ನೂ ನಂಬಬಾರದು.

1987ರಿಂದಲೇ ಶುರು ಮಾಡೋಣ. ಆಗ ಫಿಜಿ ಕೆಳಮನೆಯಲ್ಲಿ 52 ಸ್ಥಾನ: 22 ಸ್ಥಳೀಯರಿಗೆ, 22 ಭಾರತೀಯ ಮೂಲದವರಿಗೆ, 8 ಉಳಿದವರಿಗೆ. ಏಪ್ರಿಲ್ ಚುನಾವಣೆಯಲ್ಲಿ ಲೇಬರ್ ಮತ್ತು ಭಾರತೀಯ ಮೂಲದವರ ಬೆಂಬಲವಿದ್ದ ನ್ಯಾಷನಲ್ ಫೆಡರೇಷನ್ ಪಕ್ಷಗಳ ಕೂಟ 28 ಗೆದ್ದಿತು. 1970ರ ಸ್ವಾತಂತ್ರ್ಯದಿಂದ ಆಳಿಕೊಂಡು ಬಂದಿದ್ದ ಅಲೈಯನ್ಸ್ ಪಕ್ಷ 24ಕ್ಕೆ ಇಳಿಯಿತು. ಮೇ 14ರ ಬೆಳಗ್ಗೆ ಹತ್ತು ಗಂಟೆಗೆ ಲೆಫ್ಟಿನೆಂಟ್ ಕರ್ನಲ್ ಸಿತಿವೇನಿ ರಂಬುಕಾನ ಮುಸುಕುಧಾರಿ ಸೈನಿಕರು ಸಂಸತ್ತಿನೊಳಗೆ ನುಗ್ಗಿದರು. ಅಂದು ಪದಚ್ಯುತನಾದ ಪ್ರಧಾನಿ ಯಾರೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಒಂದು ಭಾರತೀಯ ಹೆಸರಿಗೆ ತಡಕಾಡುತ್ತಾರೆ. ಆತ ಡಾ. ತಿಮೋದಿ ಬವಾಂಡ್ರ, ಪಶ್ಚಿಮ ತೀರದ ವಿಸೇಸೇ ಗ್ರಾಮದ ಅಪ್ಪಟ ಸ್ಥಳೀಯ.

‘ಸ್ಥಳೀಯರ ಭೂಮಿ ಅಪಾಯದಲ್ಲಿದೆ’ ಎಂಬುದು ಬೀದಿಗಿಳಿದವರ ಕೂಗು. 1970ರ ಸಂವಿಧಾನವನ್ನು ತೆರೆದು ನೋಡಿದರೆ ಈ ಕೂಗಿಗೆ ಆಧಾರ ಸಿಗುವುದಿಲ್ಲ. ಸ್ಥಳೀಯರ ಭೂಕಾನೂನು ತಿದ್ದಲು ಎರಡೂ ಸದನಗಳಲ್ಲಿ ನಾಲ್ಕನೇ ಮೂರರಷ್ಟು ಬಹುಮತ ಬೇಕಿತ್ತು. ಅದರ ಮೇಲೆ, ಮೇಲ್ಮನೆಗೆ ಸ್ಥಳೀಯ ಕುಲಗಳ ಮುಖ್ಯಸ್ಥರ ಮಹಾಸಭೆ ನಾಮಕರಣ ಮಾಡಿದ ಎಂಟು ಜನರಲ್ಲಿ ಆರು ಜನ ಒಪ್ಪಬೇಕಿತ್ತು. 28 ಸ್ಥಾನದ ಸರ್ಕಾರ ಮನಸ್ಸು ಮಾಡಿದ್ದರೂ ಒಂದು ಗೇಣು ನೆಲವನ್ನು ಮುಟ್ಟುವಂತಿರಲಿಲ್ಲ. ಬದಲಾಗಿದ್ದು ಬೇರೆ: ಹದಿನೇಳು ವರ್ಷ ಅಧಿಕಾರ ಹಿಡಿದಿದ್ದ ಪೂರ್ವದ ಮುಖ್ಯಸ್ಥ ಮನೆತನಗಳ ಕೈಯಿಂದ ಆಡಳಿತ ತಪ್ಪಿತ್ತು. ಕಬ್ಬು, ಚಿನ್ನ, ಪ್ರವಾಸೋದ್ಯಮವೆಲ್ಲ ಪಶ್ಚಿಮದಲ್ಲಿ, ಅಧಿಕಾರ ಮಾತ್ರ ಪೂರ್ವದಲ್ಲಿ ಎಂಬ ಸ್ಥಳೀಯರೊಳಗಿನ ಹಳೆಯ ಕೊರಗು ನಮ್ಮ ಪತ್ರಿಕೆಗಳಲ್ಲಿ ಕಾಣಿಸಿದ್ದೇ ಕಡಿಮೆ.

ಸೇನೆಯ ವಿಷಯದಲ್ಲೂ ನಮ್ಮ ಊಹೆ ಊರಿನದ್ದೇ. ಭಾರತದಲ್ಲಿ ಲಕ್ಷಗಟ್ಟಲೆ ಸೈನಿಕರು, ಹಲವು ಕಮಾಂಡುಗಳು, ಮೂರು ಪಡೆಗಳಿಗೆ ಮೂವರು ಮುಖ್ಯಸ್ಥರು. ಒಬ್ಬ ಕರ್ನಲ್ ಎದ್ದು ನಿಂತರೆ ದೆಹಲಿ ಅಲುಗದು. ಫಿಜಿಯ ಸೇನೆ ಕೆಲವೇ ಸಾವಿರ ಜನರದ್ದು, ಬಹುಪಾಲು ಸ್ಥಳೀಯರದ್ದು, ಮುಖ್ಯ ನೆಲೆ ರಾಜಧಾನಿ ಸುವಾದಲ್ಲೇ. 1978ರಿಂದ ಲೆಬನಾನಿಗೆ, 1982ರಿಂದ ಸಿನಾಯ್‌ಗೆ ಶಾಂತಿಪಾಲನೆಗೆ ಹೋಗಿಬಂದು ಅದು ದೇಶದ ಅಗತ್ಯಕ್ಕಿಂತ ದೊಡ್ಡದಾಗಿ, ಪಳಗಿ ನಿಂತಿತ್ತು. ರಂಬುಕಾ ಸ್ಟಾಫ್ ಕಾಲೇಜಿನ ಪಾಠ ಕಲಿತದ್ದು 1979ರಲ್ಲಿ ಕೂನೂರಿನ ಹತ್ತಿರದ ವೆಲಿಂಗ್ಟನ್ನಿನಲ್ಲಿ, ಮೈಸೂರಿನಿಂದ ಅರ್ಧ ದಿನದ ದಾರಿಯಲ್ಲಿ.

2000ದ ಮೇ 19ರ ಘಟನೆ ಮೇಲ್ನೋಟಕ್ಕೆ ನಮ್ಮ ಕಥೆಗೆ ಚೆನ್ನಾಗಿ ಹೊಂದುತ್ತದೆ. ಮಹೇಂದ್ರ ಚೌಧರಿ ಭಾರತೀಯ ಮೂಲದ ಮೊದಲ ಪ್ರಧಾನಿ. ಅವರನ್ನೂ ಸಂಪುಟವನ್ನೂ 56 ದಿನ ಒತ್ತೆ ಇಟ್ಟದ್ದು ಜಾರ್ಜ್ ಸ್ಪೈಟ್. ಭಾರತೀಯ ರೈತರ ಮನೆಗಳ ಮೇಲೆ ದಾಳಿಗಳಾದವು; ಅದನ್ನು ಯಾರೂ ಚಿಕ್ಕದು ಮಾಡಬಾರದು. ಆದರೆ ಸ್ಥಳೀಯರ ಹೆಸರಿನಲ್ಲಿ ಬಂದ ಸ್ಪೈಟ್ ಸ್ವತಃ ಮಿಶ್ರ ಯುರೋಪಿಯನ್ ಮನೆತನದ ವ್ಯಾಪಾರಿ. ಮಹಾಗನಿ ಮರದ ವಹಿವಾಟು ನೋಡುತ್ತಿದ್ದ ಸರ್ಕಾರಿ ಕಂಪನಿಯ ಅಧ್ಯಕ್ಷಗಿರಿಯಿಂದ ಅವನನ್ನು ತೆಗೆದದ್ದು ಚೌಧರಿ ಸರ್ಕಾರ. ಅದೇ ನವೆಂಬರಿನಲ್ಲಿ ಬ್ಯಾರಕ್ಕಿನೊಳಗೆ ಸೈನಿಕರೇ ಸೈನಿಕರ ಮೇಲೆ ಗುಂಡು ಹಾರಿಸಿದಾಗ ಎರಡೂ ಕಡೆ ಇದ್ದವರು ಸ್ಥಳೀಯರು.

2006ರ ಡಿಸೆಂಬರ್ 5ಕ್ಕೆ ಬಂದರೆ ನಮ್ಮ ಕಥೆ ಪೂರ್ತಿ ಕುಸಿಯುತ್ತದೆ. ಉರುಳಿಸಿದ ಸೇನಾ ಮುಖ್ಯಸ್ಥ ಫ್ರಾಂಕ್ ಬೈನಿಮರಾಮ ಸ್ಥಳೀಯ, ಉರುಳಿದ ಪ್ರಧಾನಿ ಲೈಸೇನಿಯಾ ಗರಾಸೆಯೂ ಸ್ಥಳೀಯ. ಮರುತಿಂಗಳು, 2007ರ ಜನವರಿಯಲ್ಲಿ, ಆ ಸೇನಾ ಸರ್ಕಾರದ ಹಣಕಾಸು ಮಂತ್ರಿಯಾದದ್ದು ಅದೇ ಮಹೇಂದ್ರ ಚೌಧರಿ.

ಈಗ ಭೂಮಿ. ಕನ್ನಡಿಗರ ತಪ್ಪು ಅಂದಾಜು ಇಲ್ಲಿ ಎಲ್ಲಕ್ಕಿಂತ ಆಳ, ಏಕೆಂದರೆ ನಮ್ಮದೇ ಒಂದು ದೊಡ್ಡ ಸಾಧನೆ ಅದರ ಹಿಂದಿದೆ. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಗೇಣಿ ಪದ್ಧತಿ ಹೋಯಿತು; ಗೇಣಿದಾರ ನಮೂನೆ 7 ಸಲ್ಲಿಸಿ ಭೂನ್ಯಾಯ ಮಂಡಳಿಯ ಮುಂದೆ ನಿಂತು ಒಡೆಯನಾದ. ‘ಉಳುವವನೇ ಹೊಲದೊಡೆಯ’ ಎಂಬುದು ನಮಗೆ ನ್ಯಾಯದ ಅಳತೆಗೋಲು. ಮೂರು ತಲೆಮಾರು ಕಬ್ಬು ಬೆಳೆದವನಿಗೆ ಫಿಜಿಯಲ್ಲಿ ಪಟ್ಟಾ ಏಕಿಲ್ಲ ಎಂದು ಅದೇ ಕೋಲು ಹಿಡಿದು ಕೇಳುತ್ತೇವೆ. ಅಲ್ಲಿ ಭೂಮಿಯ ಒಡೆತನ ಜಮೀನ್ದಾರನದ್ದಲ್ಲ, ಮತಂಗಾಲಿ ಎಂಬ ಕುಲದ್ದು. 1874ರಲ್ಲಿ ದ್ವೀಪಗಳು ಬ್ರಿಟನ್ನಿಗೆ ಸೇರಿದ ಬಳಿಕ ಬಂದ ಗವರ್ನರ್ ಆರ್ಥರ್ ಗಾರ್ಡನ್ ಸ್ಥಳೀಯರ ನೆಲದ ಮಾರಾಟ ನಿಲ್ಲಿಸಿದ. ಸಕ್ಕರೆ ತೋಟಗಳಿಗೆ ಆಳು ಬೇಕಾಗಿ 1879ರಿಂದ 1916ರವರೆಗೆ ಸುಮಾರು 60,000 ಭಾರತೀಯರನ್ನು ಕರಾರಿನ ಮೇಲೆ ತಂದದ್ದೂ ಆ ನೀತಿಯ ಇನ್ನೊಂದು ಮುಖ. ಹೀಗೆ ಒಬ್ಬರಿಗೆ ನೆಲ, ಇನ್ನೊಬ್ಬರಿಗೆ ದುಡಿಮೆ ಎಂದು ಹಂಚಿದ್ದು ವಸಾಹತು ಆಡಳಿತ ಮತ್ತು ಆಸ್ಟ್ರೇಲಿಯಾದ ಸಿ.ಎಸ್.ಆರ್. ಸಕ್ಕರೆ ಕಂಪನಿ. ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿಗಳು ತಮ್ಮ ನೆಲದ ಬಹುಪಾಲನ್ನು ಹೇಗೆ ಕಳೆದುಕೊಂಡರೆಂದು ಇಲ್ಲಿ ಕುಳಿತು ನೋಡಿದವರಿಗೆ, ಫಿಜಿ ಕುಲಗಳು ತಮ್ಮ ನೆಲವನ್ನು ಏಕೆ ಬಿಗಿಹಿಡಿದಿವೆ ಎಂಬುದು ಬೇಗ ಅರ್ಥವಾಗುತ್ತದೆ.

ಗುತ್ತಿಗೆ ಹಣ ಹೇಗೆ ಹರಿಯುತ್ತಿತ್ತು ಎಂಬುದನ್ನು ಹತ್ತಿರದಿಂದ ನೋಡಿ. ಕಾನೂನಿನ ಪ್ರಕಾರ ವರ್ಷದ ಬಾಡಿಗೆ, ಅಭಿವೃದ್ಧಿ ಲೆಕ್ಕಕ್ಕೆ ಹಿಡಿಯದ ಬರೀ ನೆಲದ ಬೆಲೆಯ ಶೇ 6ನ್ನು ಮೀರುವಂತಿಲ್ಲ. ಕುಲಗಳ ಪರವಾಗಿ ಗುತ್ತಿಗೆ ನೋಡಿಕೊಳ್ಳುವ ಭೂ ಟ್ರಸ್ಟ್ ಮಂಡಳಿ ಮೊದಲು ತನ್ನ ಪಾಲು ಹಿಡಿಯುತ್ತಿತ್ತು: ಹಿಂದೆ ಶೇ 25, ನಂತರ ಶೇ 15ರ ತನಕ ಇಳಿಯಿತು. 100 ಡಾಲರ್ ಬಂದು 25 ಹೋದರೆ ಉಳಿದದ್ದು 75. ಅದರಲ್ಲಿ ಮೂರು ಹಂತದ ಮುಖ್ಯಸ್ಥರಿಗೆ ಶೇ 5, 10, 15, ಅಂದರೆ ಒಟ್ಟು 22.50 ಡಾಲರ್. ಉಳಿದ 52.50 ಇಡೀ ಕುಲಕ್ಕೆ. ಕುಲದಲ್ಲಿ 150 ಜನರಿದ್ದರೆ ತಲೆಗೆ 35 ಸೆಂಟು. ತನ್ನ ನೆಲದಲ್ಲಿ ಕಬ್ಬಿನ ಲಾರಿಗಳು ಓಡುವುದನ್ನು ದಿನವೂ ನೋಡುವ ಹಳ್ಳಿಗನ ಕೈಗೆ ಸೇರಿದ್ದು ಇಷ್ಟು. ಅವನ ಸಿಟ್ಟು ಮಂಡಳಿಯ ಕಡೆಗೋ ಮುಖ್ಯಸ್ಥನ ಕಡೆಗೋ ತಿರುಗುವ ಮೊದಲು ಕಣ್ಣೆದುರಿನ ಗುತ್ತಿಗೆದಾರನ ಕಡೆಗೆ ತಿರುಗಿತು, ತಿರುಗಿಸುವವರೂ ಇದ್ದರು. 2011ರಿಂದ ಎಲ್ಲರಿಗೂ ಸಮಪಾಲು ಎಂಬ ನಿಯಮ ಬಂತು. ಅಷ್ಟರಲ್ಲಿ, 1997ರಿಂದ ಸಾಲುಸಾಲಾಗಿ ಮುಗಿದ ಮೂವತ್ತು ವರ್ಷದ ಗುತ್ತಿಗೆಗಳು ನವೀಕರಣವಾಗದೆ, ಸಾವಿರಾರು ಕುಟುಂಬಗಳು ಸುವಾಕ್ಕೂ ಆಕ್ಲೆಂಡಿಗೂ ಬಂದಾಗಿತ್ತು. 1986ರ ಜನಗಣತಿಯಲ್ಲಿ ಶೇ 48ರ ಮೇಲಿದ್ದ ಭಾರತೀಯ ಮೂಲದವರು 2007ರಲ್ಲಿ ಶೇ 37ರ ಆಸುಪಾಸಿಗೆ ಇಳಿದರು. ಬಂದೂಕಿನಷ್ಟೇ ಗುತ್ತಿಗೆ ಪತ್ರವೂ ಅವರನ್ನು ಹೊರಡಿಸಿತು ಎಂದು ನಾನು ತಿಳಿಯುತ್ತೇನೆ.

‘ಯಾರು ಮೊದಲು ಬಂದವರು’ ಎಂಬ ಪ್ರಶ್ನೆಗೂ ಫಿಜಿಯಲ್ಲಿ ಒಂದು ಜನಪ್ರಿಯ ಉತ್ತರವಿದೆ. ಲುತುನಸೊಂಬಸೊಂಬ ಎಂಬ ಮೂಲಪುರುಷ ಆಫ್ರಿಕಾದ ಟಾಂಗನಿಕಾದಿಂದ ಕೌನಿತೋನಿ ಎಂಬ ದೋಣಿಯಲ್ಲಿ ಬಂದು ನಾಂದಿಯ ಹತ್ತಿರದ ವುಂಡಾದಲ್ಲಿ ಇಳಿದ ಎಂಬ ಕಥೆ. ಅನೇಕ ಸ್ಥಳೀಯರು ಇದನ್ನು ಶ್ರದ್ಧೆಯಿಂದ ನಂಬುತ್ತಾರೆ. ಆದರೆ ಈ ಕಥೆಗೂ ಹುಟ್ಟಿದ ದಿನಾಂಕ ಇದೆ. ಮಿಷನ್ ಶಾಲೆಗಳು ಆಫ್ರಿಕಾ ಮೂಲದ ಊಹೆಯನ್ನು ಪಾಠವಾಗಿ ಹೇಳಿಕೊಟ್ಟವು; 1892ರಲ್ಲಿ ‘ನಾ ಮಾತಾ’ ಎಂಬ ಫಿಜಿ ಭಾಷೆಯ ಪತ್ರಿಕೆ ಜನರ ಮೂಲದ ಬಗ್ಗೆ ಸ್ಪರ್ಧೆ ನಡೆಸಿ ಕಥೆಗೆ ಅಚ್ಚಿನ ರೂಪ ಕೊಟ್ಟಿತು. ಇದನ್ನು ಇತಿಹಾಸಕಾರ ಪೀಟರ್ ಫ್ರಾನ್ಸ್ 1966ರಲ್ಲಿ ತೋರಿಸಿಕೊಟ್ಟರು. ಒಂದೇ ದೋಣಿ, ಒಂದೇ ಮೂಲಪುರುಷ ಎಂದಾಗ ಎಲ್ಲ ಸ್ಥಳೀಯರೂ ಒಂದೇ ಮನೆತನ ಎಂದಾಗುತ್ತದೆ. ಪಶ್ಚಿಮದ ಹಳ್ಳಿಯ ಮಾತು ಪೂರ್ವದವರಿಗೆ ಸುಲಭವಾಗಿ ತಿಳಿಯುವುದಿಲ್ಲ ಎಂಬ ನಿಜ ಆಗ ಹಿಂದೆ ಸರಿಯುತ್ತದೆ.

ಸಾಕ್ಷ್ಯ ಬೇರೆ ದಿಕ್ಕು ತೋರಿಸುತ್ತದೆ. ಚುಚ್ಚು ಚಿತ್ತಾರದ ಲಪಿತಾ ಮಡಕೆಗಳು ಫಿಜಿಗೆ ಬಂದು ಸುಮಾರು 3,000 ವರ್ಷ. ಅವುಗಳ ಜಾಡು ಪಶ್ಚಿಮಕ್ಕೆ, ನ್ಯೂಗಿನಿ ಪಕ್ಕದ ದ್ವೀಪಗಳಿಗೆ ಹೋಗುತ್ತದೆ. ಐದಕ್ಕೆ ಫಿಜಿಯಲ್ಲಿ ‘ಲಿಮಾ’, ಮಲಯದಲ್ಲಿ ‘ಲಿಮಾ’, ಮಾವೊರಿಯಲ್ಲಿ ‘ರಿಮಾ’, ಸ್ವಾಹಿಲಿಯಲ್ಲಿ ‘ತಾನೊ’. ಒಂದು ಪದ ಹೊಂದಿದರೆ ಸಂಬಂಧ ಸಾಬೀತಾಗದು. ನೂರಾರು ಪದಗಳಲ್ಲಿ ಒಂದೇ ಧ್ವನಿ ನಿಯಮ ಕಾಣಬೇಕು, ಇಲ್ಲಿ ಕಾಣುತ್ತದೆ. 2016ರಲ್ಲಿ ಪ್ರಕಟವಾದ ಪ್ರಾಚೀನ ಡಿಎನ್ಎ ಅಧ್ಯಯನದಲ್ಲಿ ವನುವಾಟು ಮತ್ತು ಟೋಂಗಾದ ಲಪಿತಾ ಕಾಲದ ಜನ ತೈವಾನ್–ಫಿಲಿಪ್ಪೀನ್ಸ್ ಕಡೆಯವರಿಗೆ ಹತ್ತಿರವೆಂದು ಕಂಡಿತು. ಪಾಪುವಾ ಕಡೆಯ ರಕ್ತ ಆಮೇಲೆ ಬೆರೆಯಿತು. ಅಂದರೆ ಮೊದಲು ಬಂದವರೂ ಅಲೆ ಅಲೆಯಾಗಿ ಬಂದವರೇ. ಇದರಿಂದ ಅವರ ಭೂಮಿಯ ಹಕ್ಕು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಆ ಹಕ್ಕು ನಿಂತಿರುವುದು ಕಾನೂನಿನ ಮೇಲೆ, ಸ್ವಾಧೀನದ ಮೇಲೆ.

ಮೂಲದ ಕಥೆಗಳನ್ನು ಹಕ್ಕು ಕಸಿಯಲು ಬಳಸುವುದು ನ್ಯೂಜಿಲೆಂಡಿನಲ್ಲೂ ಉಂಟು. ಮಾವೊರಿಗಳಿಗಿಂತ ಮೊದಲು ಮೊರಿಯೊರಿಗಳಿದ್ದರು, ಮಾವೊರಿಗಳು ಅವರನ್ನು ಓಡಿಸಿದರು ಎನ್ನುವವರು ಇನ್ನೂ ಸಿಗುತ್ತಾರೆ. ಮೊರಿಯೊರಿಗಳು ಇಲ್ಲಿಂದಲೇ ಚಾಥಮ್ ದ್ವೀಪಗಳಿಗೆ ಹೋದ ಪಾಲಿನೇಷಿಯನ್ನರು. ನಮ್ಮ ಕಡೆ 2019ರಲ್ಲಿ ಹರಪ್ಪಾ ಕಾಲದ ನೆಲೆ ರಾಖಿಗಢಿಯ ಒಂದೇ ಒಂದು ಅಸ್ಥಿಪಂಜರದ ಡಿಎನ್ಎ ಪ್ರಕಟವಾದಾಗ ಆರ್ಯ–ದ್ರಾವಿಡ ವಾದದ ಎರಡೂ ಕಡೆಯವರು ಗೆದ್ದೆವೆಂದರು. ಒಬ್ಬ ಹೆಂಗಸಿನ ಎಲುಬು ಆಕೆಯ ಪೂರ್ವಜರನ್ನು ಹೇಳೀತು; ಆಕೆ ಯಾವ ಭಾಷೆ ಆಡಿದಳೆಂದು ಹೇಳದು.

2022ರ ಡಿಸೆಂಬರ್ 24ರಂದು ಫಿಜಿ ಸಂಸತ್ತು 28–27 ಮತಗಳಿಂದ ಪ್ರಧಾನಿಯನ್ನು ಆರಿಸಿತು. ಗೆದ್ದದ್ದು ರಂಬುಕಾ, ಸೋತದ್ದು ಬೈನಿಮರಾಮ. ರಂಬುಕಾನ ಬೆನ್ನಿಗೆ ನಿಂತದ್ದು 1987ರಲ್ಲಿ ಆತನೇ ಉರುಳಿಸಿದ್ದ ಕೂಟದ ನ್ಯಾಷನಲ್ ಫೆಡರೇಷನ್ ಪಕ್ಷ. ಮರುವರ್ಷ ಮೇ ತಿಂಗಳಲ್ಲಿ ಆತ ಭಾರತೀಯ ಮೂಲದವರ ಕ್ಷಮೆ ಕೇಳಿದ.

ಅದೇ 2023ರ ಜುಲೈನಲ್ಲಿ ಪಶ್ಚಿಮ ಆಫ್ರಿಕಾದ ನೈಜರ್‌ನಲ್ಲಿ ಸೈನಿಕರು ಅಧ್ಯಕ್ಷ ಮೊಹಮ್ಮದ್ ಬಜೂಮ್‌ರನ್ನು ಕೆಳಗಿಳಿಸಿದಾಗ ನಮ್ಮಲ್ಲಿ ಚರ್ಚೆಯಾದದ್ದು ಫ್ರಾನ್ಸ್, ರಷ್ಯಾ, ಯುರೇನಿಯಂ. ಬಜೂಮ್ ಅಲ್ಪಸಂಖ್ಯಾತ ಅರಬ್ ಸಮುದಾಯದವರು. ಚುನಾವಣೆಗೆ ಮೊದಲು ಅವರ ಮೂಲವನ್ನೇ ಕೆದಕಿ, ಪೌರತ್ವ ಪ್ರಶ್ನಿಸಿ ವಿರೋಧಿಗಳು ನ್ಯಾಯಾಲಯಕ್ಕೆ ಹೋಗಿದ್ದರು. ಅವರನ್ನು ಬಂಧಿಸಿದ ಜನರಲ್ ಚಿಯಾನಿ ಅಧ್ಯಕ್ಷರ ಅಂಗರಕ್ಷಕ ಪಡೆಯ ಮುಖ್ಯಸ್ಥ. ಆತನನ್ನು ಆ ಹುದ್ದೆಯಿಂದ ಬದಲಿಸುವ ಮಾತು ಆ ದಿನಗಳಲ್ಲೇ ನಡೆದಿತ್ತೆಂಬ ವರದಿಗಳು ಬಂದವು. ಹುಡುಕಾಟ ಶುರು ಮಾಡಬೇಕಾದದ್ದು ಅಲ್ಲಿಂದ.