ನೀಲಿ ಪಂಪ್ ಖಾಲಿ, ಇನ್ನೊಂದು ಪಂಪ್ ಹಾಗೇ ಇದೆ

ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಮೆಡಿಕಲ್ ಅಂಗಡಿಯಲ್ಲಿ ನಾನು ಫಾರ್ಮಸಿಸ್ಟ್. ಈ ಕಡೆ ನಮ್ಮ ಕನ್ನಡದವರು ಜಾಸ್ತಿ. ಹೋಟೆಲಿನವರು, ಬ್ಯಾಂಕಿನಿಂದ ರಿಟೈರ್ ಆದವರು, ಮಗನ ಮನೆಗೆ ಅಂತ ಧಾರವಾಡದಿಂದಲೋ ಕುಂದಾಪುರದಿಂದಲೋ ಬಂದು ಇಲ್ಲೇ ಉಳಿದ ಅಮ್ಮಂದಿರು. ನನಗೆ ಕನ್ನಡ ಬರುತ್ತದೆ ಅಂತ ಗೊತ್ತಾದ ಮೇಲೆ ಡಾಕ್ಟರ ಹತ್ತಿರ ಕೇಳದೆ ಬಂದ ಪ್ರಶ್ನೆಗಳನ್ನೆಲ್ಲ ಕೌಂಟರಿನ ಹತ್ತಿರ ಕೇಳುತ್ತಾರೆ. ಅದನ್ನೆಲ್ಲ ಕೇಳಿ ಕೇಳಿ ಈ ಪೋಸ್ಟ್ ಬರೆಯುತ್ತಿದ್ದೇನೆ. ಉದ್ದ ಇದೆ. ಮನೆಯಲ್ಲಿ ದಮ್ಮು, ಅಂದರೆ ಅಸ್ತಮಾ, ಇರುವವರೋ ಹಾರ್ಟ್ ತೊಂದರೆ ಇರುವವರೋ ಇದ್ದರೆ ದಯವಿಟ್ಟು ಪೂರ್ತಿ ಓದಿ.

ದಮ್ಮಿಗೂ ಹಾರ್ಟಿಗೂ ಕೊಡುವ ಔಷಧಿಗಳಲ್ಲಿ ಎರಡು ಥರ ಇವೆ. ಒಂದು, ತಗೊಂಡ ಕೂಡಲೇ ಆರಾಮ ಅನ್ನಿಸುವಂಥದ್ದು. ಇನ್ನೊಂದು, ವರ್ಷಗಟ್ಟಲೆ ತಗೊಂಡರೂ ಮೈಗೆ ಏನೂ ಗೊತ್ತೇ ಆಗದಂಥದ್ದು. ಜನ ಮೊದಲನೆಯದನ್ನು ನಂಬುತ್ತಾರೆ, ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಆದರೆ ನಿಮ್ಮನ್ನು ಆಸ್ಪತ್ರೆಯಿಂದ ದೂರ ಇಡುವುದು ಆ ಎರಡನೆಯದೇ. ಇದನ್ನು ಬೈದಾದರೂ ಹೇಳಬೇಕು ಅನ್ನಿಸಿಬಿಟ್ಟಿದೆ ನನಗೆ.

ಪಂಪಿನ ವಿಷಯವನ್ನೇ ತಗೊಳ್ಳಿ, ಅಂದರೆ ಬಾಯಿಗೆ ಹಿಡಿದು ಒತ್ತಿ ಔಷಧಿಯನ್ನು ಉಸಿರಿನ ಜೊತೆ ಎಳೆದುಕೊಳ್ಳುವ ಇನ್ಹೇಲರ್. ನೀಲಿ ಪಂಪ್, ಅಂದರೆ ಆಸ್ತಾಲಿನ್ ಥರದ್ದು, ಅದರಲ್ಲಿರುವುದು ಸಾಲ್ಬುಟಮಾಲ್. ಶ್ವಾಸನಾಳದ ಸುತ್ತ ಬಿಗಿದುಕೊಂಡ ಸ್ನಾಯುವನ್ನು ಸಡಿಲ ಮಾಡುತ್ತದೆ. ಐದು ನಿಮಿಷದಲ್ಲಿ ಉಸಿರು ಬಿಡುಗಡೆ ಆಗುತ್ತದೆ, ನಾಲ್ಕರಿಂದ ಆರು ಗಂಟೆ ಆ ಆರಾಮ ಇರುತ್ತದೆ. ಆದರೆ ನಾಳದ ಒಳಗಿನ ಊತವನ್ನು ಅದು ಮುಟ್ಟುವುದೂ ಇಲ್ಲ. ದಮ್ಮಿನ ಮೂಲ ಇರುವುದು ಆ ಊತದಲ್ಲಿ. ಅದನ್ನು ಇಳಿಸುವುದು ಬುಡೆಸೊನೈಡ್ ಥರದ ಔಷಧಿ ಇರುವ ಇನ್ನೊಂದು ಪಂಪ್. ಅದರ ಕೆಲಸ ಕಾಣಬೇಕಾದರೆ ದಿನಗಳು, ಒಮ್ಮೊಮ್ಮೆ ವಾರಗಳೇ ಬೇಕು. ಅಷ್ಟು ಕಾಯುವವರು ಯಾರು? ನಾಲ್ಕು ದಿನ ತಗೊಂಡು, "ಅಕ್ಕ, ಇದರಿಂದ ಏನೂ ಆಗಲ್ಲ, ನೀಲಿದೇ ಕೊಡಿ" ಅಂತ ಬರುತ್ತಾರೆ. ನೀಲಿಗೆ ದುಡ್ಡೂ ಕಮ್ಮಿ. ತಿಂಗಳಿಗೆ ಒಂದು ನೀಲಿ ಪಂಪ್ ಖಾಲಿ ಮಾಡುವವರಿದ್ದಾರೆ. ಇನ್ನೊಂದು ಪಂಪ್ ಫ್ರಿಜ್ ಮೇಲೆ ಧೂಳು ತಿನ್ನುತ್ತಾ ಇರುತ್ತದೆ.

ಮೇ ತಿಂಗಳಲ್ಲೇ ಟೆರೇಸಿಗೆ ವಾಟರ್‌ಪ್ರೂಫಿಂಗ್ ಮಾಡಿಸುವುದು ಒಂದು, ಜುಲೈಯಲ್ಲಿ ಸೋರುವ ಕಡೆ ಬಕೆಟ್ ಇಡುವುದು ಇನ್ನೊಂದು. ನೀಲಿ ಪಂಪ್ ಬಕೆಟ್. ಬಕೆಟ್ ಬೇಕೇ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ದಿನಾ ಬಕೆಟ್ ತುಂಬುತ್ತಿದೆ ಅಂದರೆ ಮೇಲೆ ಹೋಗಿ ನೋಡಬೇಕು ಅಲ್ವಾ?

ಇದು ಸುಮ್ನೆ ನನ್ನ ಅಭಿಪ್ರಾಯ ಅಲ್ಲ. ಅಸ್ತಮಾ ಚಿಕಿತ್ಸೆಗೆ ಜಗತ್ತಿನಾದ್ಯಂತ ಡಾಕ್ಟರುಗಳು ನೋಡುವ ಗೀನಾ ಮಾರ್ಗಸೂಚಿ 2019ರಲ್ಲೇ ಹೇಳಿದೆ: ದೊಡ್ಡವರಿಗೂ ಹದಿಹರೆಯದವರಿಗೂ ಬರೀ ಸಾಲ್ಬುಟಮಾಲ್ ಥರದ ಔಷಧಿಯೊಂದರ ಮೇಲೇ ಚಿಕಿತ್ಸೆ ನಡೆಸಬಾರದು, ಜೊತೆಗೆ ಊತ ಇಳಿಸುವ ಔಷಧಿ ಇರಲೇಬೇಕು. ಅಲ್ಲಿಯ ತನಕ ಎಷ್ಟೋ ದಶಕ ಸೌಮ್ಯ ಅಸ್ತಮಾಕ್ಕೆ ನೀಲಿ ಒಂದೇ ಸಾಕು ಅಂತ ನಡೆದುಬಂದಿತ್ತು. ಡಾಕ್ಟರುಗಳೇ ದಾರಿ ಬದಲಿಸಿದ್ದಾರೆ, ನಾವು ಮಾತ್ರ ಹಳೇ ಚೀಟಿ ಹಿಡಿದುಕೊಂಡೇ ಇದ್ದೇವೆ.

ಊತ ಇಳಿಸುವ ಪಂಪ್ ಕೊಟ್ಟರೆ "ಅದು ಸ್ಟಿರಾಯ್ಡ್ ಅಂತೆ, ಮಗುವಿಗೆ ಬೇಡ" ಅನ್ನುತ್ತಾರೆ. ಹೌದು, ಸ್ಟಿರಾಯ್ಡೇ. ಆದರೆ ಲೆಕ್ಕ ನೋಡಿ. ಪಂಪಿನಲ್ಲಿ ಒಂದು ಸಲಕ್ಕೆ ಬರುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ, ನೂರು ಇನ್ನೂರು, ಅದೂ ನೇರವಾಗಿ ಶ್ವಾಸಕೋಶಕ್ಕೆ. ಪಂಪ್ ಬಿಟ್ಟು ದಮ್ಮು ಜೋರಾಗಿ ಆಸ್ಪತ್ರೆಗೆ ಹೋದರೆ ಕೊಡುವ ಸ್ಟಿರಾಯ್ಡ್ ಗುಳಿಗೆ ಮಿಲಿಗ್ರಾಂ ಲೆಕ್ಕದ್ದು (ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ), ಇಡೀ ಮೈಗೆ ಹೋಗುತ್ತದೆ. ಸಾಲ್ಬುಟಮಾಲಿನ ಕಥೆಯೂ ಇದೇ. ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ. ಅದರದೇ 4 ಮಿಲಿಗ್ರಾಂ ಗುಳಿಗೆ ಅಂದರೆ ಅಂಥ ನಲವತ್ತು ಒತ್ತು. ಪಂಪ್ ಬೇಡ ಅಂತ ಗುಳಿಗೆ ನುಂಗಿ, ಆಮೇಲೆ ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ ಅಂತ ಬರುತ್ತಾರೆ.

ಇನ್ನು ಮಗಳ ಮದುವೆ ಆಗಿಲ್ಲ ಅಂತ ಪಂಪ್ ಬಚ್ಚಿಡುವವರು. ಪೇಪರಿನಲ್ಲಿ ಸುತ್ತಿ, ಕಪ್ಪು ಚೀಲದಲ್ಲಿ ಹಾಕಿ ಕೊಡಿ ಅನ್ನುತ್ತಾರೆ. ಆ ಹುಡುಗಿ ಕಾಲೇಜಿಗೆ ಪಂಪ್ ಒಯ್ಯುವುದಿಲ್ಲ. ಮಳೆಗಾಲದಲ್ಲಿ ಈ ಕಡೆಯ ಗೋಡೆಗಳಿಗೆಲ್ಲ ಬೂಷ್ಟು ಹಿಡಿಯುತ್ತದೆ, ಚಳಿಗಾಲದಲ್ಲಿ ಬೆಳಿಗ್ಗೆ ಹೊಗೆಯೂ ಮಂಜೂ ಸೇರಿ ಎದುರಿನ ಬಿಲ್ಡಿಂಗ್ ಕಾಣುವುದಿಲ್ಲ, ಎರಡೂ ದಮ್ಮು ಕೆರಳಿಸುತ್ತವೆ. ಕನ್ನಡಕ ಹಾಕಿಕೊಂಡು ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂರಬಹುದಂತೆ, ಪಂಪ್ ಇದ್ದರೆ ಆಗುವುದಿಲ್ಲವಂತೆ. ನನಗೆ ಇದು ಅರ್ಥ ಆಗುವುದಿಲ್ಲ, ಸಿಟ್ಟೂ ಬರುತ್ತದೆ.

ಪಂಪ್ ತಗೊಳ್ಳುವ ರೀತಿಯೂ ಮುಖ್ಯ. ಮೊನ್ನೆ ಒಬ್ಬ ಅಂಕಲ್‌ಗೆ "ಹೇಗೆ ತಗೊಳ್ತೀರಿ, ತೋರಿಸಿ" ಅಂದೆ. ಬಾಯಿ ತೆರೆದು, ನಾಲಿಗೆ ಮೇಲೆ ಟಸ್ ಟಸ್ ಅಂತ ಎರಡು ಸಲ ಒತ್ತಿ, ಬಾಯಿ ಮುಚ್ಚಿಕೊಂಡರು. ಬಿಳಿ ಹೊಗೆ ತುಟಿಯ ಮೂಲೆಯಿಂದ ಹೊರಗೆ ಬಂತು. ಎದೆಗೆ ಏನು ಹೋದ ಹಾಗಾಯಿತು? ಮೊದಲು ಪಂಪ್ ಅಲ್ಲಾಡಿಸಿ. ಉಸಿರು ಪೂರ್ತಿ ಹೊರಗೆ ಬಿಡಿ. ತುಟಿ ಬಿಗಿ ಹಿಡಿದು, ಉಸಿರು ಎಳೆಯಲು ಶುರು ಮಾಡಿ ಆಗ ಒತ್ತಿ, ನಿಧಾನಕ್ಕೆ ಎಳೆಯುತ್ತಾ ಹೋಗಿ, ಹತ್ತು ಎಣಿಸುವ ತನಕ ಉಸಿರು ಹಿಡಿಯಿರಿ. ಎರಡನೆಯ ಸಲಕ್ಕೆ ಅರ್ಧ ಒಂದು ನಿಮಿಷ ಬಿಡಿ. ಕೈಗೂ ಉಸಿರಿಗೂ ಹೊಂದಿಕೆ ಆಗದಿದ್ದರೆ, ವಯಸ್ಸಾದವರಿಗೆ ಮಕ್ಕಳಿಗೆ ಆಗುವುದೇ ಇಲ್ಲ, ಸ್ಪೇಸರ್ ಅಂತ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ, ಅದನ್ನು ಸಿಕ್ಕಿಸಿ ತಗೊಳ್ಳಿ. ಸ್ಟಿರಾಯ್ಡ್ ಪಂಪ್ ಆದಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಬಿಳಿ ಫಂಗಸ್ ಬರಬಹುದು. ರೋಟಾಕ್ಯಾಪ್ ಅಂತ ಬರುವ ಕ್ಯಾಪ್ಸೂಲನ್ನು ನೀರು ಕುಡಿದು ನುಂಗುವವರೂ ಇದ್ದಾರೆ. ಅದು ನುಂಗುವುದಲ್ಲ, ಯಂತ್ರದಲ್ಲಿ ಹಾಕಿ ಪುಡಿಯನ್ನು ಒಳಗೆಳೆಯುವುದು.

ಈಗ ಹಾರ್ಟ್. ಸ್ಟೆಂಟ್ ಹಾಕಿಸಿಕೊಂಡವರು ಮೂರು ತಿಂಗಳು ಶಿಸ್ತಾಗಿ ಗುಳಿಗೆ ಒಯ್ಯುತ್ತಾರೆ. ಆಮೇಲೆ "ಬ್ಲಾಕ್ ತೆಗೆದಾಯಿತಲ್ಲ, ಇನ್ನು ಯಾಕೆ" ಅಂತ ಒಂದೊಂದೇ ಬಿಡುತ್ತಾರೆ. ಸ್ಟೆಂಟ್ ಅಂದರೆ ಹೃದಯದ ರಕ್ತನಾಳದೊಳಗೆ ಇಡುವ ಲೋಹದ ಜಾಳಿಗೆ. ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್ ಥರದ ಗುಳಿಗೆ. ಎರಡನ್ನೂ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಕೊಡುತ್ತಾರೆ, ಆಮೇಲೂ ಒಂದು ಮುಂದುವರಿಯುತ್ತದೆ. ನಡುವೆ ಬಿಟ್ಟರೆ ಸ್ಟೆಂಟಿನೊಳಗೇ ಗಡ್ಡೆ ಕಟ್ಟಿ ಮತ್ತೆ ಹಾರ್ಟ್ ಅಟ್ಯಾಕ್ ಆಗಬಹುದು. ಹಲ್ಲು ಕೀಳಿಸಬೇಕು ಅಂತ ತಾವೇ ಒಂದು ವಾರ ನಿಲ್ಲಿಸುವವರು ತುಂಬಾ ಜನ. ಹಲ್ಲಿನ ಡಾಕ್ಟರನ್ನೂ ಹಾರ್ಟಿನ ಡಾಕ್ಟರನ್ನೂ ಕೇಳದೆ ಒಂದು ದಿನವೂ ನಿಲ್ಲಿಸಬೇಡಿ.

ಆಸ್ಪಿರಿನ್ ಅಗ್ಗ ಅಂತ ಅದಕ್ಕೆ ಬೆಲೆಯೇ ಇಲ್ಲ. 1988ರಲ್ಲಿ ಐಸಿಸ್-2 ಅನ್ನುವ ದೊಡ್ಡ ಅಧ್ಯಯನ ಹೊರಬಂತು. ಹಾರ್ಟ್ ಅಟ್ಯಾಕ್ ಆಗಿದೆ ಅನ್ನುವ ಶಂಕೆ ಇದ್ದ ಹದಿನೇಳು ಸಾವಿರಕ್ಕೂ ಜಾಸ್ತಿ ಜನ ಅದರಲ್ಲಿದ್ದರು. ಒಂದು ತಿಂಗಳು ಆಸ್ಪಿರಿನ್ ಕೊಟ್ಟಿದ್ದಕ್ಕೇ ಐದು ವಾರದೊಳಗಿನ ಹೃದಯ, ರಕ್ತನಾಳದ ಸಾವುಗಳು ಶೇಕಡಾ 23ರಷ್ಟು ಕಮ್ಮಿ ಆಗಿದ್ದವು. ಹಾಗಂತ ಹಾರ್ಟ್ ತೊಂದರೆ ಇಲ್ಲದವರು ವಾಟ್ಸ್ಯಾಪ್ ನೋಡಿ ದಿನಾ ಆಸ್ಪಿರಿನ್ ಶುರು ಮಾಡಬೇಡಿ, ಹೊಟ್ಟೆಯಲ್ಲಿ ರಕ್ತ ಸೋರುವ ಅಪಾಯ ಇದೆ. ಕೆಲವು ದಮ್ಮಿನವರಿಗೆ ಆಸ್ಪಿರಿನ್ನೇ ದಮ್ಮು ಎಬ್ಬಿಸುತ್ತದೆ. ಕೊಲೆಸ್ಟ್ರಾಲ್ ಗುಳಿಗೆಯದ್ದಂತೂ ಕೇಳಲೇಬೇಡಿ. ರಿಪೋರ್ಟ್ ನಾರ್ಮಲ್ ಬಂತು ಅಂತ ಬಿಡುತ್ತಾರೆ. ಗುಳಿಗೆ ತಗೊಂಡಿದ್ದಕ್ಕೇ ಅಲ್ವಾ ನಾರ್ಮಲ್ ಬಂದದ್ದು?

ಮುಂಬೈನಲ್ಲಿ ಇನ್ನೊಂದು ಕಷ್ಟ ಇದೆ, ಅದನ್ನು ಡಾಕ್ಟರುಗಳು ಕೇಳುವುದೇ ಇಲ್ಲ. ಹಾರ್ಟ್ ಫೇಲ್ಯೂರ್, ಅಂದರೆ ಹೃದಯಕ್ಕೆ ರಕ್ತವನ್ನು ಸಾಕಷ್ಟು ತಳ್ಳಲಾಗದ ತೊಂದರೆ, ಇದ್ದವರಿಗೆ ಮೈಯಲ್ಲಿ ತುಂಬಿದ ನೀರು ತೆಗೆಯಲು ಲೇಸಿಕ್ಸ್ ಕೊಡುತ್ತಾರೆ. ಚೀಟಿಯಲ್ಲಿ 'ಬೆಳಿಗ್ಗೆ ಒಂದು' ಅಂತ ಇರುತ್ತದೆ. ತಗೊಂಡ ಒಂದು ಗಂಟೆಯೊಳಗೆ ಮೂತ್ರ ಶುರು, ಐದಾರು ಗಂಟೆ ತನಕ ಪದೇ ಪದೇ. ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿಗೆ ಫಾಸ್ಟ್ ಲೋಕಲಿನಲ್ಲೇ ಒಂದು ಗಂಟೆಯ ಮೇಲೆ ಬೇಕು. ಲೋಕಲಿನಲ್ಲಿ ಟಾಯ್ಲೆಟ್ ಇಲ್ಲ. ಬೆಳಗಿನ ರಶ್ಶಿನಲ್ಲಿ ನಡುವೆ ಇಳಿದರೆ ಮತ್ತೆ ಹತ್ತುವುದು ಹೇಗೆ? ಹಾಗಾಗಿ ಜನ ಏನು ಮಾಡುತ್ತಾರೆ ಅಂದರೆ, ಕೆಲಸಕ್ಕೆ ಹೋಗುವ ದಿನ ಗುಳಿಗೆಯೇ ತಗೊಳ್ಳುವುದಿಲ್ಲ, ಭಾನುವಾರ ಮಾತ್ರ. ಇಲ್ಲವೇ ನೀರು ಕುಡಿಯುವುದು ನಿಲ್ಲಿಸುತ್ತಾರೆ. ಆಮೇಲೆ ಕಾಲು ಊದಿ, ರಾತ್ರಿ ಮಲಗಿದರೆ ಉಸಿರು ಕಟ್ಟಿ, ದಿಂಬು ಮೇಲೆ ದಿಂಬು ಇಟ್ಟುಕೊಂಡು ಕೂತಲ್ಲೇ ನಿದ್ದೆ. ಈ ತೊಂದರೆಗೆ ಪರಿಹಾರ ಇದೆ. ಗುಳಿಗೆಯ ಹೊತ್ತನ್ನು ಬದಲಿಸಬಹುದು. ಆಫೀಸು ಮುಟ್ಟಿದ ಮೇಲೆ ತಗೊಳ್ಳಲೋ, ಮಧ್ಯಾಹ್ನ ತಗೊಳ್ಳಲೋ ಅಂತ ಡಾಕ್ಟರನ್ನು ಕೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ. ರಾತ್ರಿ ಮಾತ್ರ ಬೇಡ, ನಿದ್ದೆ ಹಾಳು. ಹೆಂಗಸರು ಈ ವಿಷಯ ಬಾಯಿ ಬಿಟ್ಟು ಹೇಳುವುದೇ ಇಲ್ಲ. ನಾಚಿಕೆ ಬೇಡ ಅಕ್ಕಂದಿರೇ, ಕೇಳಿ.

ಹಾಗೆಯೇ ಬಿಪಿ ಗುಳಿಗೆಯ ಕೆಮ್ಮು. ರಾಮಿಪ್ರಿಲ್, ಎನಾಲಾಪ್ರಿಲ್ ಅಂತ ಕೊನೆಯಲ್ಲಿ 'ಪ್ರಿಲ್' ಬರುವ ಗುಳಿಗೆಗಳು ಹಾರ್ಟಿಗೆ ಒಳ್ಳೆಯವು. ಬ್ರೆಜಿಲಿನ ಜರರಾಕಾ ಹಾವಿನ ವಿಷದ ಅಧ್ಯಯನದಿಂದ ಹುಟ್ಟಿದ ಔಷಧಿ ವಂಶ ಇದು, ನನಗೆ ಈ ಸಂಗತಿ ಬಹಳ ಇಷ್ಟ. ಆದರೆ ಕೆಲವರಿಗೆ ಇವುಗಳಿಂದ ಒಣ ಕೆಮ್ಮು ಬರುತ್ತದೆ. ಕಫ ಇಲ್ಲ, ಜ್ವರ ಇಲ್ಲ, ಗಂಟಲಲ್ಲಿ ಕೆರೆತ ಅಷ್ಟೇ. ಅದಕ್ಕೆ ತಿಂಗಳುಗಟ್ಟಲೆ ಕಫ್ ಸಿರಪ್ ಕುಡಿಯುತ್ತಾರೆ, ಆ್ಯಂಟಿಬಯಾಟಿಕ್ ತಿನ್ನುತ್ತಾರೆ, ಟಿಬಿ ಅಂತ ಹೆದರುತ್ತಾರೆ. ಸಿರಪ್ ಕೇಳಿ ಬಂದವರಿಗೆ ನಾನು ಮೊದಲು "ಬಿಪಿಗೆ ಏನು ತಗೊಳ್ತೀರಿ" ಅಂತಲೇ ಕೇಳುವುದು. ಡಾಕ್ಟರು ಟೆಲ್ಮಿಸಾರ್ಟಾನ್ ಥರದ ಗುಳಿಗೆಗೆ ಬದಲಿಸಿದರೆ ಹೆಚ್ಚಿನವರಿಗೆ ಕೆಲವೇ ವಾರದಲ್ಲಿ ಕೆಮ್ಮು ಹೋಗುತ್ತದೆ. ನೀವೇ ಬಿಟ್ಟುಬಿಡಬೇಡಿ, ಬದಲಿಸಿಕೊಳ್ಳಿ.

ಹಾರ್ಟಿನ ಎದೆನೋವಿಗೆ ಅಂತ ಸಾರ್ಬಿಟ್ರೇಟ್ ಗುಳಿಗೆ ಜೇಬಿನಲ್ಲಿ ಇಟ್ಟುಕೊಳ್ಳುವವರಿಗೆ ಎರಡು ಮಾತು. ನಾಲಿಗೆ ಕೆಳಗೆ ಇಡುವಾಗ ಕೂತುಕೊಳ್ಳಿ, ಬಿಪಿ ಇಳಿದು ತಲೆ ಸುತ್ತಿ ಬೀಳಬಹುದು. ಐದು ನಿಮಿಷದಲ್ಲಿ ನೋವು ಕಮ್ಮಿ ಆಗದಿದ್ದರೆ ಗ್ಯಾಸ್ ಇರಬೇಕು ಅಂತ ಸೋಡಾ ಕುಡಿಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ವಯಾಗ್ರಾ ಥರದ ಗುಳಿಗೆ ತಗೊಂಡವರು ಸಾರ್ಬಿಟ್ರೇಟ್ ಮುಟ್ಟಲೇಬಾರದು, ಬಿಪಿ ಜೀವಕ್ಕೇ ಅಪಾಯ ಆಗುವಷ್ಟು ಕುಸಿಯಬಹುದು. ಈ ಮಾತನ್ನು ಕೌಂಟರಿನಲ್ಲಿ ಯಾರೂ ಕೇಳುವುದಿಲ್ಲ, ಅದಕ್ಕೇ ಇಲ್ಲಿ ಬರೆದೆ.

ದಮ್ಮಿನವರು ಎಲ್ಲಾ ಡಾಕ್ಟರಿಗೂ ತಮಗೆ ದಮ್ಮಿದೆ ಅಂತ ಹೇಳಲೇಬೇಕು. ಕೈ ನಡುಕಕ್ಕೆ, ಮೈಗ್ರೇನಿಗೆ, ಸ್ಟೇಜ್ ಹೆದರಿಕೆಗೆ ಕೊಡುವ ಪ್ರೊಪ್ರಾನೊಲೋಲ್ ದಮ್ಮಿನವರ ಶ್ವಾಸನಾಳವನ್ನು ಬಿಗಿಯುತ್ತದೆ. ಗ್ಲಾಕೋಮಾಕ್ಕೆ ಹಾಕುವ ಟಿಮೊಲೋಲ್ ಕಣ್ಣಿನ ಡ್ರಾಪ್ಸೂ ಅಷ್ಟೇ. ಎರಡು ಹನಿ ಕಣ್ಣಿಗೆ ತಾನೇ ಅನ್ನಬೇಡಿ, ಅದು ರಕ್ತಕ್ಕೆ ಸೇರುತ್ತದೆ. ಥಿಯೋಫಿಲಿನ್ ಇರುವ ಡೆರಿಫಿಲಿನ್ ಥರದ ಗುಳಿಗೆ ತಗೊಳ್ಳುವವರು ಜೊತೆಗೆ ಸಿಪ್ರೊಫ್ಲಾಕ್ಸಾಸಿನ್ ನುಂಗಿದರೆ ಥಿಯೋಫಿಲಿನ್ ಮೈಯಲ್ಲೇ ಉಳಿದು ಜಾಸ್ತಿ ಆಗುತ್ತದೆ. ವಾಂತಿ, ಎದೆ ಬಡಿತ, ಫಿಟ್ಸ್ ತನಕ ಹೋಗಬಹುದು. ಹೊಟ್ಟೆ ಕೆಟ್ಟಿದೆ ಅಂತ ಚೀಟಿ ಇಲ್ಲದೆ ಸಿಪ್ರೊ ಕೇಳುವವರಿಗೆ ನಾನು ಕೊಡುವುದಿಲ್ಲ. ಎದುರಿನ ಅಂಗಡಿಗೆ ಹೋಗುತ್ತಾರೆ, ಹೋಗಲಿ.

ಡಾಕ್ಟರುಗಳಿಗೂ ಒಂದು ಬೇಡಿಕೆ ಇದೆ. ಎಂಟು ಗುಳಿಗೆ ಬರೆದು ಕಳಿಸುತ್ತೀರಿ. ಯಾವುದು ಯಾಕೆ ಅಂತ ಒಂದು ಸಾಲು ಹೇಳಿ. ಚೀಟಿ ಇಂಗ್ಲಿಷಿನಲ್ಲಿ, ಕಾಂಪೌಂಡರ್ ಹೇಳುವುದು ಮರಾಠಿಯಲ್ಲಿ, ಆ ಅಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ನಾನು ಸ್ಟ್ರಿಪ್ಪಿನ ಹಿಂದೆ ಮಾರ್ಕರಿನಿಂದ ಕನ್ನಡದಲ್ಲೇ ಬರೆದು ಕೊಡುತ್ತೇನೆ: 'ಬೆಳಿಗ್ಗೆ, ನೀರಿಗೆ'. 'ರಾತ್ರಿ, ಕೊಲೆಸ್ಟ್ರಾಲಿಗೆ'. 'ಊಟ ಆದಮೇಲೆ, ರಕ್ತ ಗಟ್ಟದಂತೆ, ಬಿಡಬಾರದು'. ಈ ಕೆಲಸವನ್ನು ಮಕ್ಕಳು ಮನೆಯಲ್ಲೇ ಹತ್ತು ನಿಮಿಷ ಕೂತು ಮಾಡಬಹುದು. ಸ್ಟ್ರಿಪ್ ಕತ್ತರಿಸುವಾಗ ಹೆಸರು, ಎಕ್ಸ್‌ಪೈರಿ ಇರುವ ಭಾಗ ಮನೆಯಲ್ಲಿ ಉಳಿಯಲಿ.

ತಿಂಗಳ ಕೊನೆಗೆ ದುಡ್ಡಿಲ್ಲ ಅಂತ ಗುಳಿಗೆ ಬಿಡುವವರಿಗೆ: ಜನೌಷಧಿ ಅಂಗಡಿಗಳಲ್ಲಿ ಆಸ್ಪಿರಿನ್, ಕ್ಲೊಪಿಡೋಗ್ರೆಲ್, ಕೊಲೆಸ್ಟ್ರಾಲಿನ ಅಟೋರ್ವಾಸ್ಟಾಟಿನ್, ಟೆಲ್ಮಿಸಾರ್ಟಾನ್ ಜನರಿಕ್ ಹೆಸರಿನಲ್ಲಿ ತುಂಬಾ ಕಡಿಮೆ ಬೆಲೆಗೆ ಸಿಗುತ್ತವೆ. ನನ್ನ ಮಾಲೀಕರಿಗೆ ಈ ಸಾಲು ಹಿಡಿಸಲಿಕ್ಕಿಲ್ಲ, ಆದರೂ ಬರೆಯುತ್ತೇನೆ. ಚೀಟಿ ತಗೊಂಡು ಹೋಗಿ, ಔಷಧಿಯ ಹೆಸರೂ ಮಿಲಿಗ್ರಾಂ ಕೂಡ ಅದೇ ಇದೆಯಾ ಅಂತ ನೋಡಿಕೊಂಡು ತನ್ನಿ.

ಸಂಶಯ ಇದ್ದರೆ ಕೆಳಗೆ ಕಾಮೆಂಟಿನಲ್ಲಿ ಕೇಳಿ. ಪಂಪ್ ಹಿಡಿಯುವ ರೀತಿ, ಗುಳಿಗೆ ಯಾಕೆ, ಯಾವುದರ ಜೊತೆ ಯಾವುದು ಬೇಡ ಅನ್ನುವುದನ್ನೆಲ್ಲ ಹೇಳುತ್ತೇನೆ. ಡೋಸ್ ಮಾತ್ರ ಕೇಳಬೇಡಿ, ಅದು ನಿಮ್ಮನ್ನು ನೋಡಿದ ಡಾಕ್ಟರೇ ಹೇಳಬೇಕು.