ಸ್ಟಾರ್ಟ್ ಆಯಿತೇ ಎನ್ನುವುದು ಎರಡನೆಯ ಪ್ರಶ್ನೆ

ಕಳೆದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮ ತೋಟದ ಕೆಳಗಿನ ತೋಡಿನಿಂದ, ಅಂದರೆ ಸಣ್ಣ ಹಳ್ಳದಿಂದ, ನಾಲ್ವರು ಸೇರಿ ಹಗ್ಗ ಕಟ್ಟಿ ಎಟಿವಿಯನ್ನು (ಕಚ್ಚಾ ದಾರಿಯಲ್ಲಿ ಓಡುವ ನಾಲ್ಕು ಚಕ್ರದ ಸಣ್ಣ ಗಾಡಿಯನ್ನು) ದಡಕ್ಕೆ ಎಳೆದು ನಿಲ್ಲಿಸಿದ ಕೂಡಲೇ ನನ್ನ ಕೈ ಸ್ಟಾರ್ಟರ್ ಗುಂಡಿಯ ಕಡೆಗೆ ಹೋಯಿತು. ಎಳೆದವರಲ್ಲಿ ಒಬ್ಬನಾದ ನೆರೆಮನೆಯ ಹುಡುಗ, ಮುಳ್ಳೇರಿಯದಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವವನು, ಮಾತಿಲ್ಲದೆ ಕೀಯನ್ನು ಕಿತ್ತು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. ನನ್ನ ಮಗನ ವಯಸ್ಸಿನವನು. ಆಮೇಲೆ ಬಗ್ಗಿ ಪೆಟ್ರೋಲ್ ನಲ್ಲಿಯನ್ನು ಮುಚ್ಚಿ, "ನೀರು ಎಲ್ಲಿವರೆಗೆ ಬಂದಿತ್ತು ಗೌಡ್ರೇ? ಎಂಜಿನ್ ಆಫ್ ಮಾಡಿದ್ದು ನೀವಾ, ಅದಾಗಿಯೇ ನಿಂತದ್ದಾ?" ಎಂದು ಕೇಳಿದ. ನನ್ನ ಗಾಡಿಯ ಕೀಯನ್ನು ಇನ್ನೊಬ್ಬ ಜೇಬಿಗಿಳಿಸಿದ್ದು ಆ ಕ್ಷಣಕ್ಕೆ ನನಗೆ ಚುಚ್ಚಿತು. ಆದರೆ ಅವನ ಪ್ರಶ್ನೆಗಳನ್ನು ನಮ್ಮೂರಿನಲ್ಲಿ ಯಾರೂ ಕೇಳಿದ್ದನ್ನು ನಾನು ನೋಡಿರಲಿಲ್ಲ, ಮತ್ತು ಅದು ಚುಚ್ಚಿದ್ದಕ್ಕಿಂತ ಹೆಚ್ಚು ಕಾಲ ಮನಸ್ಸಿನಲ್ಲಿ ಉಳಿಯಿತು.

ನಾನು ತೀರ್ಥಹಳ್ಳಿ ಕಡೆಯವನು. ಹನ್ನೊಂದು ವರ್ಷಗಳಿಂದ ಕಾಸರಗೋಡಿನ ಈ ಒಳಭಾಗದಲ್ಲಿ, ಪಯಸ್ವಿನಿಯಿಂದ ಅರ್ಧ ಮೈಲಿ ಈಚೆಗೆ, ಅಡಿಕೆ ತೋಟ ಮಾಡಿಕೊಂಡಿದ್ದೇನೆ. ತೋಟದ ಒಂದು ಭಾಗ ತೋಡಿನ ಆಚೆಗಿರುವುದರಿಂದ ಗೊಬ್ಬರ ಹೊರಲು, ಅಡಿಕೆ ಗೊನೆ ತರಲು ಒಂದು ಹಳೆಯ ಎಟಿವಿ ಕೊಂಡಿದ್ದೆ. ಅಂದು ಬೆಳಗ್ಗೆ ನಮ್ಮಲ್ಲಿ ಮಳೆಯೇ ಇರಲಿಲ್ಲ. ಆದರೆ ಪಯಸ್ವಿನಿ ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯದ ಮೂಲಕ ಬಂದು, ಚಂದ್ರಗಿರಿ ಎಂಬ ಹೆಸರಿನಲ್ಲಿ ಸಮುದ್ರ ಸೇರುವ ನದಿ. ಹಿಂದಿನ ರಾತ್ರಿ ಮೇಲೆ ಸುರಿದ ಮಳೆಯಿಂದ ಅದು ತುಂಬಿದ್ದರಿಂದ ನಮ್ಮ ತೋಡಿನ ನೀರು ಇಳಿಯಲು ದಾರಿಯಿಲ್ಲದೆ ಹಿಂದಕ್ಕೆ ಒತ್ತಿ ನಿಂತಿತ್ತು. ಮೊಣಕಾಲುದ್ದ ಎಂದುಕೊಂಡು ಇಳಿಸಿದ ಗಾಡಿಗೆ ನಡುವೆ ಸೀಟಿನ ತಳದವರೆಗೆ ನೀರು ಬಂತು, ಎಂಜಿನ್ ಎರಡು ಸಲ ಮುಗ್ಗರಿಸಿ ನಿಂತುಹೋಯಿತು.

ಇದೇ ನಮ್ಮೂರಾಗಿದ್ದರೆ ಏನಾಗುತ್ತಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತು. ದಡದಲ್ಲಿ ನಿಂತವರೆಲ್ಲ ಒಂದೇ ದನಿಯಲ್ಲಿ "ಎಂಥ ಆಗಲ್ಲ ಮಾರಾಯ, ಒಂದ್ಸಲ ಹೊಡಿ ನೋಡಣ" ಎನ್ನುತ್ತಿದ್ದರು. ಹೊಡೆದರೆ ಹತ್ತರಲ್ಲಿ ಐದು ಸಲ ಸ್ಟಾರ್ಟ್ ಆಗುತ್ತದೆ, ಸ್ಟಾರ್ಟ್ ಆದರೆ ಆ ವಿಷಯ ಅಲ್ಲಿಗೆ ಮುಗಿಯುತ್ತದೆ. ನನ್ನ ಚಿಕ್ಕಪ್ಪನ ಮಗನ ಡೀಸೆಲ್ ಪಿಕಪ್ ಹೀಗೆಯೇ ಮಾಲತಿ ಹೊಳೆಯ ಬದಿಯ ತಗ್ಗಿನಲ್ಲಿ ಸಿಕ್ಕಿ, ಮೇಲೆ ಬಂದ ಐದು ನಿಮಿಷಕ್ಕೆ ಅವನು ಕೀ ತಿರುಗಿಸಿದಾಗ ಒಳಗಿನಿಂದ ಕಬ್ಬಿಣಕ್ಕೆ ಕಬ್ಬಿಣ ಬಡಿದಂತಹ ಒಂದೇ ಒಂದು ಸದ್ದು ಬಂದಿತ್ತು. ಬಿಚ್ಚಿದಾಗ ಪಿಸ್ಟನ್ನಿಗೆ ಸೇರಿದ ಕನೆಕ್ಟಿಂಗ್ ರಾಡ್ ಬಾಗಿತ್ತು. ಗಾಳಿಯನ್ನು ಹಿಂಡಬಹುದು, ನೀರನ್ನು ಹಿಂಡಲಾಗುವುದಿಲ್ಲ; ಸಿಲಿಂಡರಿನಲ್ಲಿ ನೀರಿದ್ದಾಗ ಮೇಲೇರುವ ಪಿಸ್ಟನ್‌ಗೆ ಹೋಗಲು ಜಾಗವಿಲ್ಲದೆ ಬಲವೆಲ್ಲ ರಾಡಿನ ಮೇಲೆ ಬೀಳುತ್ತದೆ. ಇಡೀ ಎಂಜಿನ್ ಕೆಳಗಿಳಿಸಬೇಕಾಯಿತು. ಅಷ್ಟಾದ ಮೇಲೂ ಮನೆಯಲ್ಲಿ ಎಲ್ಲರೂ ಹೇಳಿದ್ದು "ಹಳೇ ಗಾಡಿ, ಹೋಗೋ ಕಾಲ ಬಂದಿತ್ತು" ಎಂದೇ ಹೊರತು, ಕೀ ತಿರುಗಿಸಿದ್ದು ತಪ್ಪು ಎಂದು ಯಾರೂ ಹೇಳಲಿಲ್ಲ. ಆ ಮಾತು ನನಗೆ ಇಂದಿಗೂ ನೋವು ಕೊಡುತ್ತದೆ.

ಇಲ್ಲಿ ಆ ಹುಡುಗ ಮಾಡಿದ್ದನ್ನು ನಾನು ಪಕ್ಕದಲ್ಲಿ ಕುಳಿತು ಎರಡು ದಿನ ನೋಡಿದೆ. ಗಾಡಿಗೆ ರಸ್ತೆಯ ನೋಂದಣಿ ಇಲ್ಲದ್ದರಿಂದ ಅದನ್ನು ಓಡಿಸಿಕೊಂಡು ಹೋಗುವ ಮಾತೇ ಇರಲಿಲ್ಲ. ಅವನೇ ಸಾಮಾನು ತೆಗೆದುಕೊಂಡು ನಮ್ಮ ಅಂಗಳಕ್ಕೆ ಬಂದ. ಮೊದಲು ಸೀಟು ತೆಗೆದು ಏರ್ ಫಿಲ್ಟರಿನ ಪೆಟ್ಟಿಗೆ ತೆರೆದ. ಅದು ಒಣಗಿದ್ದರೆ ಎಂಜಿನ್ ಒಳಗೆ ನೀರು ಹೋಗಿರುವ ಸಂಭವ ಕಡಿಮೆ, ಒದ್ದೆಯಾಗಿದ್ದರೆ ಹೋಗಿದೆ ಎಂದೇ ತಿಳಿಯಬೇಕು ಎಂದ. ನಮ್ಮದರಲ್ಲಿ ಸ್ಪಂಜು ನೀರು ಕುಡಿದು ಭಾರವಾಗಿತ್ತು, ಪೆಟ್ಟಿಗೆಯ ತಳದಲ್ಲಿ ಕೆಸರು ಕೂತಿತ್ತು. ಹಾಗಾಗಿ ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ವಯರನ್ನು ಕಿಡಿ ಹಾರದಂತೆ ಬದಿಗೆ ಕಟ್ಟಿ, ನಮ್ಮನ್ನೆಲ್ಲ ದೂರ ನಿಲ್ಲಿಸಿ, ಆಗ ಮಾತ್ರ ಜೇಬಿನಿಂದ ಕೀ ತೆಗೆದು ಸ್ಟಾರ್ಟರನ್ನು ಒಂದೆರಡು ಸೆಕೆಂಡು ತಿರುಗಿಸಿದ. ಪ್ಲಗ್ಗಿನ ತೂತಿನಿಂದ ನೀರು ಪಿಚಕಾರಿಯಂತೆ ಚಿಮ್ಮಿತು. ದಡದಲ್ಲಿ ನಾನು ಗುಂಡಿ ಒತ್ತಿದ್ದರೆ ಆ ನೀರು ಹೋಗಲು ದಾರಿಯಿರಲಿಲ್ಲ ಎಂಬುದನ್ನು ಅವನು ನನಗೆ ಬಿಡಿಸಿ ಹೇಳಬೇಕಾಗಲಿಲ್ಲ. ನೀರು ಬರುವುದು ಪೂರ್ತಿ ನಿಂತ ಮೇಲೆ ತುಕ್ಕು ಹಿಡಿಯದಿರಲೆಂದು ಅದೇ ತೂತಿನಿಂದ ಸ್ವಲ್ಪ ಆಯಿಲ್ ಬಿಟ್ಟ.

ಮುಂದೆ ಡಿಪ್‌ಸ್ಟಿಕ್, ಆಯಿಲ್ ಅಳೆಯುವ ಕಡ್ಡಿ. ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ ಎಂಜಿನ್ ಆಯಿಲನ್ನು ನಾನು ಮೊದಲ ಬಾರಿಗೆ ಅಂದು ಕಂಡೆ. ನೀರು ಸೇರಿದ ಆಯಿಲ್ ಬೇರಿಂಗುಗಳನ್ನು ಕಾಯುವುದಿಲ್ಲ. ಅದನ್ನು ಇಳಿಸಿ, ಫಿಲ್ಟರ್ ಬದಲಿಸಿ, ಹೊಸದು ಹಾಕಿ, ಕೆಲವು ನಿಮಿಷ ಓಡಿಸಿ, ಮತ್ತೆ ಇಳಿಸಿದ. ಮೂರನೆಯ ಸಲ ಹಾಕಿದ್ದು ಬಣ್ಣ ಕೆಡದೆ ಉಳಿಯಿತು. ಅದಕ್ಕೆ ಮೊದಲು ಕಾರ್ಬ್ಯುರೇಟರಿನ ತಳದ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಲೋಟಕ್ಕೆ ಪೆಟ್ರೋಲ್ ಹಿಡಿದು ತೋರಿಸಿದ್ದ: ಅಡಿಯಲ್ಲಿ ನೀರು ಬೇರೆಯಾಗಿ ಕೂತಿತ್ತು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಬೆರೆತಿರುತ್ತದೆ, ನೀರು ಹೆಚ್ಚಾದಾಗ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನೊಂದಿಗೆ ಕೆಳಗಿಳಿಯುತ್ತದೆ. ಆದ್ದರಿಂದ ಟ್ಯಾಂಕನ್ನೂ ಖಾಲಿ ಮಾಡಿಸಿದ.

ನಾನು ಎಂದಿಗೂ ಯೋಚಿಸದಿದ್ದ ಜಾಗಗಳು ಇನ್ನೂ ಇದ್ದವು. ಎಂಜಿನ್ನಿನ ಬಲವನ್ನು ಚಕ್ರಗಳತ್ತ ಒಯ್ಯುವ ಬೆಲ್ಟಿನ ಪೆಟ್ಟಿಗೆಯ ಅಡಿಯ ಬಿರಡೆ ತೆಗೆದಾಗ ಅರ್ಧ ಚೊಂಬಿನಷ್ಟು ನೀರು ಇಳಿಯಿತು. ಒದ್ದೆ ಬೆಲ್ಟ್ ಜಾರುತ್ತದೆ, ಜಾರಿದರೆ ಸುಡುತ್ತದೆ; ಹಾಗಾಗಿ ಎಂಜಿನ್ ಸರಿಯಾದ ಬಳಿಕ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ರೇಸ್ ಏರಿಸಿ ಇಳಿಸಿ ಬೆಲ್ಟನ್ನು ಒಣಗಿಸಿದ. ಎರಡು ಬದಿಯ ಚಕ್ರಗಳಿಗೆ ಬಲ ಹಂಚುವ ಗೇರಿನ ಡಬ್ಬಿಗಳಾದ ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್ಲುಗಳ ವಿಷಯ ಇನ್ನೂ ಸೂಕ್ಷ್ಮವಾದದ್ದು. ಓಡಿ ಬಿಸಿಯಾದ ಆ ಲೋಹದ ಡಬ್ಬಿ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಕುಗ್ಗಿದ ಜಾಗಕ್ಕೆ ಉಸಿರು ಕೊಳವೆಯಿಂದಲೋ ಸವೆದ ಸೀಲಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಹೊರಗಿನಿಂದ ಯಾವ ಗುರುತೂ ಕಾಣುವುದಿಲ್ಲ. ತಿಂಗಳುಗಟ್ಟಲೆ ಗಾಡಿ ಚೆನ್ನಾಗಿಯೇ ಓಡಿ, ಆಮೇಲೆ ಒಂದು ದಿನ ಗೇರಿನ ಹಲ್ಲು ಹೋಗುತ್ತದೆ, ಆಗ ತೋಡು ದಾಟಿದ್ದು ಯಾರಿಗೂ ನೆನಪಿರುವುದಿಲ್ಲ.

ರೇಡಿಯೇಟರಿಗೆ ಅಂಟಿದ್ದ ತರಗೆಲೆ, ಕೆಸರು ತೆಗೆದದ್ದು, ವಯರಿನ ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚಿ ಒಣಗಿಸಿ ಗ್ರೀಸ್ ಹಚ್ಚಿದ್ದು, ಬ್ರೇಕನ್ನು ಮೆಲ್ಲನೆ ಹಿಡಿದು ಓಡಿಸಿ ಕಾಯಿಸಿದ್ದು, ಇವೆಲ್ಲ ಎರಡನೆಯ ದಿನದ ಮಧ್ಯಾಹ್ನದೊಳಗೆ ಮುಗಿದವು. ಕೆಸರು ತೊಳೆಯಲು ನಾನು ಪಂಪ್‌ಸೆಟ್ಟಿನ ಪೈಪು ತಂದಾಗ, ಜೋರಾದ ನೀರು ಬೇರಿಂಗಿನ ಸೀಲಿಗೆ ಬಡಿದರೆ ತೋಡಿನಲ್ಲಿ ಒಳಗೆ ಹೋಗದಿದ್ದ ನೀರನ್ನು ನಾವೇ ಹೊಗಿಸಿದಂತೆ ಎಂದು ತಡೆದ.

ಈ ಬುದ್ಧಿ ಅವನಿಗೆ ಎಲ್ಲಿಂದ ಬಂತೆಂದು ನಾನು ಬಹಳ ಯೋಚಿಸಿದ್ದೇನೆ. ಎಟಿವಿ ತಯಾರಿಸುವ ಪೋಲಾರಿಸ್ ಕಂಪನಿ ಗಾಡಿ ಕೊಂಡವರಿಗೆ ಕೊಡುವ ಕೈಪಿಡಿಯಲ್ಲಿ, ನೀರು ಕಾಲಿಡುವ ಜಾಗದ ಮಟ್ಟವನ್ನು ಮೀರಿದ್ದರೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಗಾಡಿಯನ್ನು ಡೀಲರಿಗೆ ತೋರಿಸಬೇಕು ಎಂದಿದೆ. ಆದರೆ ಕೈಪಿಡಿ ಓದಿದವರೆಲ್ಲ ಹಾಗೆ ನಡೆದುಕೊಳ್ಳುವುದಿಲ್ಲ. ನನ್ನ ಅನಿಸಿಕೆ ಬೇರೆ. ಅವನ ತಂದೆ ನೀರಿಗಾಗಿ ಸುರಂಗ ತೋಡುವ ಕೆಲಸ ಮಾಡಿದವರು. ಮುರಕಲ್ಲಿನ ಗುಡ್ಡದೊಳಗೆ ಅಡ್ಡವಾಗಿ ಕೊರೆಯುತ್ತಾ, ಮಣ್ಣಿನ ಒದ್ದೆಯನ್ನು ಅಂಗೈಯಿಂದ ಮುಟ್ಟಿ ನೋಡುತ್ತಾ, ಕಣ್ಣಿಗೆ ಕಾಣದ ನೀರು ಯಾವ ಕಡೆಯಿಂದ ಬರುತ್ತಿದೆ ಎಂದು ಹುಡುಕುವ ಜನ ಈ ಊರಿನವರು. ಅಂತಹ ಮನೆಯಲ್ಲಿ ಬೆಳೆದವನು ಯಂತ್ರದ ಮುಂದೆ ಕುಳಿತಾಗ ಸ್ಟಾರ್ಟ್ ಆಗುತ್ತದೆಯೇ ಎಂದು ಕೇಳದೆ ನೀರು ಎಲ್ಲಿ ಹೊಕ್ಕಿದೆ ಎಂದು ಕೇಳುವುದು ನನಗೆ ಸಹಜವಾಗಿ ಕಾಣುತ್ತದೆ. ಇದಕ್ಕೆ ನನ್ನಲ್ಲಿ ಬೇರೆ ಪುರಾವೆ ಇಲ್ಲ, ಆ ಎರಡು ದಿನ ಅವನ ಬೆರಳುಗಳನ್ನು ನೋಡಿದ್ದೇ ಪುರಾವೆ.

ನಮ್ಮೂರಿನವರ ಮೇಲೆ ನನಗೆ ಸಿಟ್ಟು ಬರುವುದು ಇಲ್ಲಿಯೇ. ನಾವು ಮಳೆಯಲ್ಲೇ ಹುಟ್ಟಿದವರು, ನೀರಿನ ಬಗ್ಗೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ ಎಂದುಕೊಂಡಿದ್ದೇವೆ. ಆದರೆ ಯಂತ್ರದ ಒಳಗೆ ಹೋದ ನೀರನ್ನು ನಾವು ನೆಂಟನಂತೆ ಕಾಣುತ್ತೇವೆ, ಬಂದ ಹಾಗೆ ತಾನಾಗಿ ಹೋಗುತ್ತದೆ ಎಂದು ಬಿಡುತ್ತೇವೆ. ಪಂಪ್‌ಸೆಟ್ ಆಗಲಿ, ಕಳೆ ಕತ್ತರಿಸುವ ಯಂತ್ರವಾಗಲಿ, ಮಗನ ಬೈಕಾಗಲಿ, ಎಲ್ಲದಕ್ಕೂ ಒಂದೇ ಮದ್ದು: ಬಿಸಿಲಿಗಿಟ್ಟು ಹೊಡೆಯುವುದು. ಕಷ್ಟಪಟ್ಟು ಕೊಂಡ ವಸ್ತುವನ್ನು ಒಂದು ಗಂಟೆಯ ತಾಳ್ಮೆಯಿಲ್ಲದೆ ಕಳೆದುಕೊಳ್ಳುವುದನ್ನು ನಾನು ಆ ಕಡೆ ಎಷ್ಟು ಮನೆಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ.

ಇಷ್ಟು ಬರೆದ ಮೇಲೆ ಒಂದು ವಿಷಯವನ್ನು ಬಿಟ್ಟರೆ ಸುಳ್ಳಾಗುತ್ತದೆ. ನಮ್ಮಪ್ಪ ಬದುಕಿದ್ದಷ್ಟು ಕಾಲ ಆಗುಂಬೆಯ ಕಡೆ ಆಕಾಶ ಕಪ್ಪಾಗಿದ್ದರೆ, ನಮ್ಮ ಅಂಗಳದಲ್ಲಿ ಬಿಸಿಲಿದ್ದರೂ, ಮಾಲತಿ ದಾಟಲು ಯಾರನ್ನೂ ಬಿಟ್ಟವರಲ್ಲ. ನೀರಿನ ಬಣ್ಣ ಕೆಂಪಾದರೆ, ಹೊಳೆಯಲ್ಲಿ ಕಸಕಡ್ಡಿ ತೇಲಿ ಬಂದರೆ, ದನವನ್ನೂ ಇಳಿಸುತ್ತಿರಲಿಲ್ಲ. ಕೊಡಗಿನ ಕಡೆ ಒಮ್ಮೆ ಕತ್ತೆತ್ತಿ ನೋಡಿದ್ದರೆ, ಅಥವಾ ಸುಳ್ಯದ ಯಾರಿಗಾದರೂ ಒಂದು ಫೋನ್ ಮಾಡಿದ್ದರೆ, ನಾನು ಅಂದು ತೋಡಿಗೆ ಇಳಿಯುತ್ತಲೇ ಇರಲಿಲ್ಲ. ಇಲ್ಲಿಯ ನನ್ನ ನೆರೆಯವರು ಮೂವರು ದಡದಲ್ಲೇ ನಿಂತು ನಾನು ಇಳಿಯುವುದನ್ನು ನೋಡಿದ್ದರು, ಒಬ್ಬರೂ ಬೇಡ ಎನ್ನಲಿಲ್ಲ. ಊರಿನಲ್ಲಾಗಿದ್ದರೆ ಯಾರಾದರೂ ಒಬ್ಬರು ಕೂಗಿಯೇ ಕೂಗುತ್ತಿದ್ದರು. ನೀರಿಗೆ ಇಳಿಯುವ ಮೊದಲಿನ ಎಚ್ಚರ ಅವರದು, ಇಳಿದು ಬಂದ ಮೇಲಿನ ಎಚ್ಚರ ಇವರದು. ಇದನ್ನು ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಡೀಲರನ ಬಳಿಗೆ ಹೋಗಲು ನಮ್ಮೂರಿನಲ್ಲಿ ಘಟ್ಟದ ರಸ್ತೆಯಲ್ಲಿ ಅರ್ಧ ದಿನ ಬೇಕು, ಹಾಗಾಗಿ "ಹೊಡಿ ನೋಡಣ" ಎಂಬುದರ ಹಿಂದೆ ಸೋಮಾರಿತನ ಮಾತ್ರ ಇಲ್ಲ ಎಂಬುದನ್ನೂ ಸೇರಿಸಬೇಕು.

ಇನ್ನೊಂದು ಮಾತು. ಇಷ್ಟೆಲ್ಲ ನೋಡಿ, ಗ್ರೀಸ್ ತುಂಬಿ, ಮೂರು ಸಲ ಆಯಿಲ್ ಬದಲಿಸಿದರೂ, ಐದು ವಾರಗಳ ಬಳಿಕ ಎಡಗಡೆಯ ಹಿಂದಿನ ಚಕ್ರ ಕೊರೆಯುವ ಸದ್ದು ಮಾಡತೊಡಗಿತು. ಹುಡುಗ ಬಂದು ಗಾಡಿಯನ್ನು ಜಾಕಿನ ಮೇಲೆ ಎತ್ತಿ, ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಬೇರಿಂಗ್ ತುಕ್ಕು ಹಿಡಿದಿದೆ ಎಂದ. ಮೊದಲ ದಿನವೇ ಬದಲಿಸಬೇಕಿತ್ತು, ನನ್ನಿಂದ ತಪ್ಪಾಯಿತು ಎಂದೂ ಹೇಳಿದ. ಹಳೆಯ ಬೇರಿಂಗನ್ನು ನನ್ನ ಅಂಗೈಯಲ್ಲಿಟ್ಟು ತಿರುಗಿಸಲು ಹೇಳಿದಾಗ ಅದರೊಳಗೆ ಮರಳು ಅರೆದಂತೆ ಆಗುತ್ತಿತ್ತು. ಹಿಂದಿನ ಡಿಫರೆನ್ಷಿಯಲ್ಲಿನ ಆಯಿಲನ್ನು ತುಲಾ ತಿಂಗಳು ಮುಗಿಯುವುದರೊಳಗೆ ಇನ್ನೊಮ್ಮೆ ಇಳಿಸಿ ಬಣ್ಣ ನೋಡಲಿಕ್ಕಿದೆ.