ಮೇವಿಗೂ ಮೇವು

ಇಂದು ಬೆಳಿಗ್ಗೆ ನಾನು ಶಾಸ್ತ್ರಿ ಮಾರುಕಟ್ಟೆಯಿಂದ ಅರ್ಧ ಕಿಲೋ ಗಜ್ಜರಿ ತಂದದ್ದು ಮನೆಯವರಿಗಲ್ಲ, ಮಗ ಸಾಕಿರುವ ಓತಿಕ್ಯಾತನಿಗೂ ಅಲ್ಲ. ಆ ಓತಿಕ್ಯಾತ ತಿನ್ನಲಿರುವ ಹುಳುಗಳಿಗೆ. ಬಿಡಿಸಿ ಹೇಳದಿದ್ದರೆ ನನ್ನ ಸಂಕಟ ಯಾರಿಗೂ ತಿಳಿಯುವಂತಿಲ್ಲ.

ಅದು ಬಿಯರ್ಡೆಡ್ ಡ್ರ್ಯಾಗನ್ ಎಂಬ, ಆಸ್ಟ್ರೇಲಿಯಾದ ಒಣ ಒಳನಾಡಿನ ಪ್ರಾಣಿಯ ಮರಿ. ಮಗ ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೊರಟಾಗ ಅದನ್ನೂ, ಅದರ ಗಾಜಿನ ಪೆಟ್ಟಿಗೆಯನ್ನೂ, ಎರಡು ಪುಟಗಳ ಊಟದ ಪಟ್ಟಿಯನ್ನೂ ನನ್ನ ಕೊರಳಿಗೆ ಕಟ್ಟಿ ಹೋದ. ವಯಸ್ಸು ನಾಲ್ಕೇ ತಿಂಗಳಾದರೂ ಗದ್ದದ ಕೆಳಗೆ ಮುಳ್ಳುಮುಳ್ಳಾದ ಗಡ್ಡವಿರುವುದರಿಂದ ಅವ್ವ ಅದಕ್ಕೆ ಅಜ್ಜಪ್ಪ ಎಂದು ಹೆಸರಿಟ್ಟಿದ್ದಾಳೆ. ಮೈ ಕಾಯಿಸಿಕೊಳ್ಳಲು ಅಜ್ಜಪ್ಪನಿಗೆ 40 ಡಿಗ್ರಿ ಆಸುಪಾಸಿನ ಜಾಗ ಬೇಕೆಂದು ಪಟ್ಟಿಯಲ್ಲಿ ಓದಿದಾಗ, ಏಪ್ರಿಲ್‌ನಲ್ಲಿ ನಮ್ಮ ಜಲನಗರದ ಮನೆಯ ಯಾವ ಕೋಣೆಯನ್ನಾದರೂ ಆರಿಸಿಕೊಳ್ಳಲಿ ಎಂದು ನಕ್ಕಿದ್ದೆ. ಊಟದ ಪುಟಕ್ಕೆ ಬಂದಾಗ ನಗು ನಿಂತಿತು.

ಬೆಳೆಯುವ ಮರಿಗೆ ಊಟದಲ್ಲಿ ಮುಕ್ಕಾಲು ಪಾಲು ಹುಳು, ಕಾಲು ಪಾಲು ಸೊಪ್ಪು ಇರಬೇಕು. ದೊಡ್ಡದಾದ ಮೇಲೆ ಈ ಲೆಕ್ಕ ತಿರುವುಮುರುವಾಗುತ್ತದೆ. ಹುಳು ಎಂದರೆ ಕತ್ತಲಾದ ಮೇಲೆ ಮೂಲೆಯಲ್ಲಿ ಕಿರ್ರೆನ್ನುವ ಕ್ರಿಕೆಟ್ ಹುಳು, ಅದೂ ಅಜ್ಜಪ್ಪನ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಆ ಅಂತರವನ್ನು ಅಳೆಯಲು ನಾನು ಅಳತೆಪಟ್ಟಿ ಹಿಡಿದು ಗಾಜಿನ ಪೆಟ್ಟಿಗೆಯೊಳಗೆ ತಲೆ ಹಾಕಿದ್ದಾಗ ಬೀಗರು ಒಳಗೆ ಬಂದದ್ದನ್ನು ಇಲ್ಲಿ ವಿವರಿಸುವುದಿಲ್ಲ. ಈ ಹುಳುಗಳಲ್ಲಿ ರಂಜಕ (ಫಾಸ್ಫರಸ್) ಹೆಚ್ಚು, ಸುಣ್ಣದಂಶ (ಕ್ಯಾಲ್ಸಿಯಂ) ಕಡಿಮೆ. ಹಾಗೆಯೇ ತಿನ್ನಿಸುತ್ತ ಹೋದರೆ ಮರಿಯ ಎಲುಬು ಮೆತ್ತಗಾಗಿ ಡೊಂಕಾಗುತ್ತವೆ. ಆದ್ದರಿಂದ ಹುಳುಗಳಿಗೆ ಹಿಂದಿನ ದಿನವೇ ಗಜ್ಜರಿ ತಿನ್ನಿಸಿ, ಮರುದಿನ ಪ್ಲಾಸ್ಟಿಕ್ ಚೀಲದಲ್ಲಿ ಕ್ಯಾಲ್ಸಿಯಂ ಪುಡಿಯೊಂದಿಗೆ ಹಾಕಿ, ಚುರಮುರಿಗೆ ಖಾರಪುಡಿ ಹತ್ತಿಸುವಂತೆ ಕುಲುಕಬೇಕು. ವೈದ್ಯರು ಬರೆದುಕೊಟ್ಟ ಕ್ಯಾಲ್ಸಿಯಂ ಗುಳಿಗೆಯನ್ನು ಒಂದು ದಿನವೂ ನೆಟ್ಟಗೆ ನುಂಗದ ಅವ್ವ ಇದನ್ನು ನೋಡಿ, “ನನ್ನ ಮಳಕಾಲು ನೋಯ್ತಾವಂದ್ರ ಯಾರೂ ಕೇಳಲಿಲ್ಲ, ಹುಳಕ್ಕ ಪೌಡರ್ ಹಚ್ಚಾಕತ್ತೀರಿ” ಎಂದಳು.

ನನ್ನ ನಿಜವಾದ ತೊಂದರೆ ಅವ್ವನೇ. ಈ ಮನೆಯಲ್ಲಿ ಯಾರ ತಾಟೂ ಬರಿದಾಗಿರುವುದನ್ನು ಅವಳು ನೋಡಲಾರಳು. ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಹತ್ತು ಹದಿನೈದು ನಿಮಿಷಗಳಲ್ಲಿ ತಿಂದಷ್ಟು ಹುಳು ಸಾಕು, ಉಳಿದವನ್ನು ತೆಗೆದುಬಿಡಬೇಕು, ಇಲ್ಲದಿದ್ದರೆ ಅವೇ ಮರಿಯನ್ನು ಕಚ್ಚುತ್ತವೆ ಎಂದು ನಾನು ಪಟ್ಟಿಯನ್ನು ಓದಿ ಹೇಳುವಾಗ ಅವಳು ಗಡಿಯಾರದ ಕಡೆಗೆ ನೋಡುವುದಿಲ್ಲ, ಅಜ್ಜಪ್ಪನ ಕಡೆಗೆ ನೋಡುತ್ತಾಳೆ. ಅಜ್ಜಪ್ಪನೋ, ಮುಂಗಾಲೊಂದನ್ನು ಎತ್ತಿ ಗಾಳಿಯಲ್ಲಿ ನಿಧಾನವಾಗಿ ಬೀಸುತ್ತಾನೆ. ದೊಡ್ಡವರನ್ನು ಕಂಡಾಗ ‘ನಾನು ಸಣ್ಣವನು, ನನ್ನನ್ನು ಬಿಟ್ಟುಬಿಡಿ’ ಎಂದು ಶರಣಾಗುವ ರೀತಿ ಅದು.

“ಕೈಮಾಡಿ ಕರಿಯಾಕತ್ತೈತಲ್ಲೋ, ಇನ್ನೂ ಹಸದೈತಿ.”

“ಅವ್ವಾ, ಅದು ಅಂಜಿ ಹಂಗ ಮಾಡ್ತೈತಿ.”

“ನೀನೂ ಸಣ್ಣಾಂವಿದ್ದಾಗ ಹಿಂಗs ಕೈ ಬೀಸತಿದ್ದಿ. ನಾ ಉಣಸಲಿಲ್ಲೇನು?”

ಇದಕ್ಕೆ ಪಟ್ಟಿಯಲ್ಲಿ ಉತ್ತರವಿಲ್ಲ. ನಾನು ಕಚೇರಿಗೆ ಹೋದ ಮೇಲೆ ಹಾಲಿನಲ್ಲಿ ನೆನೆಸಿದ ರೊಟ್ಟಿಯ ಚೂರು ಪೆಟ್ಟಿಗೆಯೊಳಗೆ ಕಾಣಿಸಿಕೊಳ್ಳುತ್ತದೆ. ಅಜ್ಜಪ್ಪ ಅದನ್ನು ತಿನ್ನದೆ ಅದರ ಮೇಲೆ ಮಲಗುವನೆಂಬುದೊಂದೇ ಸಮಾಧಾನ.

ಸೊಪ್ಪಿನ ವಿಷಯದಲ್ಲಿ ಮಾತ್ರ ನಾನು ಸೋತಿದ್ದೇನೆ. ಪಾಲಕಿನ ಆಕ್ಸಾಲಿಕ್ ಆಮ್ಲ ಸುಣ್ಣದಂಶವನ್ನು ಹಿಡಿದಿಟ್ಟು ಮೈಗೆ ಹತ್ತಗೊಡುವುದಿಲ್ಲವೆಂದು ಅದನ್ನು ಬಿಡಿಸಿದೆ. ಪಟ್ಟಿಯಲ್ಲಿದ್ದ ಡ್ಯಾಂಡೆಲಿಯನ್ ಎಂಬ ಸೊಪ್ಪನ್ನು ಊರೆಲ್ಲ ಹುಡುಕಿ ಸಾಕಾಗಿ ಫೋನಿನಲ್ಲಿ ಅದರ ಚಿತ್ರ ನೋಡುತ್ತ ಕುಳಿತಿದ್ದಾಗ, ಹಿಂದಿನಿಂದ ಇಣುಕಿದ ಅವ್ವ, “ಹತ್ತರಕಿ ಇದ್ದಂಗೈತಲ್ಲೋ” ಎಂದಳು. ನಾವು ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಹತ್ತರಕಿಯೂ ಅದೇ ಕುಟುಂಬದ ಸಸ್ಯವೆಂದು ಆಮೇಲೆ ತಿಳಿಯಿತು. ಹತ್ತು ದಿನಗಳಿಂದ ಎಲ್ಲ ಸೊಪ್ಪಿನಿಂದಲೂ ಮುಖ ತಿರುಗಿಸುತ್ತಿದ್ದ ಅಜ್ಜಪ್ಪ, ಅವ್ವನ ಬೆರಳುಗಳ ನಡುವಿನಿಂದ ಅದನ್ನು ಕಿತ್ತುಕೊಂಡು ತಿಂದ. ಅವಳು ಏನೂ ಅನ್ನಲಿಲ್ಲ, ಅಂದಿದ್ದರೆ ವಾಸಿಯಿತ್ತು.

ರಾತ್ರಿ ಒಂಬತ್ತಕ್ಕೆ ಮಗ ಫೋನ್ ಮಾಡುತ್ತಾನೆ. ಅಜ್ಜಪ್ಪ ಎಷ್ಟು ಹುಳು ತಿಂದನೆಂಬುದು ಅವನ ಮೊದಲ ಪ್ರಶ್ನೆ. ಅವ್ವ ಫೋನ್ ಕಸಿದುಕೊಂಡು, “ನೀ ಏನ್ ಉಂಡಿ?” ಎನ್ನುತ್ತಾಳೆ. “ಎಲ್ಲಾ ಉಂಡೀನಿ ಆಯಿ” ಎನ್ನುತ್ತಾನೆ ಅವನು. ಅವನು ಹೋಗಿ ಇಷ್ಟು ದಿನಗಳಾದರೂ ಅವಳು ದಿನವೂ ಎರಡು ರೊಟ್ಟಿ ಹೆಚ್ಚಿಗೆ ಬಡಿಯುತ್ತಾಳೆ. ಯಾರಿಗೆಂದು ನಾವು ಕೇಳಿಲ್ಲ.

ತಿಂಗಳ ಹಿಂದೆ ಪುಡಿ ಹತ್ತಿಸುವಾಗ ಚೀಲದ ಬಾಯಿ ಬಿಚ್ಚಿ ಹತ್ತಾರು ಹುಳುಗಳು ಬೆಳ್ಳಗೆ ಪೌಡರ್ ಬಳಿದುಕೊಂಡೇ ಪಡಸಾಲೆಯ ತುಂಬ ಓಡಿದ್ದವು. ಸಣ್ಣ ಹುಳುಗಳಿಗೆ ದನಿಯಿರುವುದಿಲ್ಲ. ರೆಕ್ಕೆ ಬಲಿತ ಗಂಡಿಗೆ ಮಾತ್ರ ಇರುತ್ತದೆ. ಅವುಗಳಲ್ಲೊಂದು ನಮ್ಮ ಮನೆಯಲ್ಲೇ ತಿಂದುಂಡು ಪ್ರಾಯಕ್ಕೆ ಬಂದು, ನಿನ್ನೆ ರಾತ್ರಿ ಜೋಳದ ಚೀಲದ ಹಿಂದಿನಿಂದ ಹನ್ನೆರಡಕ್ಕೆ ಶುರುಮಾಡಿದ ಕಿರ್ರನ್ನು ಬೆಳಗಾಗುವವರೆಗೂ ನಿಲ್ಲಿಸಲಿಲ್ಲ. ನಾನು ಬ್ಯಾಟರಿ ಮತ್ತು ಕಸಬರಿಗೆ ಹಿಡಿದು ಅಡುಗೆಮನೆಗೆ ಹೋದಾಗ ಅವ್ವ ಆಗಲೇ ಅಲ್ಲಿ ಕುಳಿತು, ಉಳಿದಿದ್ದ ರೊಟ್ಟಿಯನ್ನು ಸಣ್ಣಗೆ ಮುರಿದು ಚೀಲದ ಮಗ್ಗುಲಿಗೆ ಇಡುತ್ತಿದ್ದಳು.

“ಸುಮ್ನಿರು, ಹಸದೈತಿ ಪಾಪ” ಎಂದಳು.